ಗೋಡೆಯ ಮೇಲೆ ನನ್ನ ಬಾಯಿ

ದೇವರ ಪೂಜೆಗೆಂದು ಹೂ ಕದಿಯುವವರನ್ನು ಕಳ್ಳರು ಎನ್ನಬಹುದೋ ಇಲ್ಲವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಕಳ್ಳರಾದರೆ ನಮ್ಮನ್ನು ಕಂಡು ಓಡಬೇಕು. ಇವರು ನಮ್ಮ ಗೇಟಿನ ಮುಂದೆ ನಿಂತು, ನಮ್ಮ ದಾಸವಾಳವನ್ನು ಕೀಳುತ್ತಲೇ, "ಕಾಫಿ ಆಯ್ತಾ ಅಮ್ಮಾ?" ಎಂದು ನಮ್ಮನ್ನೇ ವಿಚಾರಿಸುತ್ತಿದ್ದರು. (ನಾನೂ "ಆಯ್ತು, ನಿಮ್ದು?" ಎನ್ನುತ್ತಿದ್ದೆ. ಬೇರೇನು ಹೇಳುವುದು?)

ನಮ್ಮ ಮನೆ ಇರುವುದು ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಬೆಳಗಿನ ವಾಕಿಂಗಿನವರಿಗೆಲ್ಲ ನಮ್ಮ ರಸ್ತೆಯೇ ರಾಜಮಾರ್ಗ. ಒಬ್ಬೊಬ್ಬರ ಜೇಬಿನಲ್ಲೂ ಮಡಿಸಿಟ್ಟ ಪ್ಲಾಸ್ಟಿಕ್ ಕವರು. ಮುಂದಾಲೋಚನೆಯುಳ್ಳವರ ಕೈಯಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ನಾನು ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ಹೂಬುಟ್ಟಿ ಹಿಡಿದು ಹೊರಗೆ ಬರುವಷ್ಟರಲ್ಲಿ ದಾಸವಾಳ, ಕಣಗಿಲೆ, ನಂದಿಬಟ್ಟಲು ಎಲ್ಲವೂ ಕ್ಷೌರ ಮಾಡಿಸಿಕೊಂಡವರಂತೆ ನಿಂತಿರುತ್ತಿದ್ದವು.

ಉಳಿದ ದಿನಗಳಲ್ಲಾದರೆ ಮಾರುಕಟ್ಟೆಯ ಹೂವು ತಂದು ಸುಧಾರಿಸುತ್ತಿದ್ದೆ. ಆದರೆ ಶ್ರಾವಣ ಬಂದಿತ್ತು. ಭದ್ರಾವತಿಗೆ ಕೊಟ್ಟಿರುವ ನಮ್ಮ ಮಗಳು ಮೈತ್ರಿಗೆ ದಿನ ತುಂಬುತ್ತಿತ್ತು. ಮೊದಲನೆಯ ಬಾಣಂತನ ನಮ್ಮ ಮನೆಯಲ್ಲೇ ಆಗಿತ್ತು, ಆ ಹೆರಿಗೆಯಲ್ಲಿ ಅವಳು ತುಂಬ ನೋವು ತಿಂದಿದ್ದಳು. ಈ ಸಲ ಹೆರಿಗೆ ಸುಸೂತ್ರವಾಗಲಿ ಎಂದು ನಾನೊಂದು ಹರಕೆ ಹೊತ್ತಿದ್ದೆ: ಶ್ರಾವಣದ ಸೋಮವಾರಗಳಂದು ಕೊಂಡು ತಂದ ಹೂವು ಬೇಡ, ನನ್ನ ಕೈಯಾರೆ ಬಿಡಿಸಿದ ಹೂವನ್ನೇ ಶಿವನಿಗೆ ಏರಿಸುತ್ತೇನೆ, ಅಲ್ಲಿಯವರೆಗೂ ತೊಟ್ಟು ನೀರು ಮುಟ್ಟುವುದಿಲ್ಲ. ಮೊದಲನೆಯ ಸೋಮವಾರ ಇಡೀ ಅಂಗಳದಲ್ಲಿ ನನಗೆ ಸಿಕ್ಕಿದ್ದು ಇರುವೆ ಮುತ್ತಿದ ಒಂದು ಕಣಗಿಲೆ.

"ರೀ, ಹೀಗಾದ್ರೆ ನನ್ನ ಹರಕೆ ಗತಿ ಏನು?" ಎಂದು ಯಜಮಾನರ ಹತ್ತಿರ ಹೇಳಿಕೊಂಡೆ.

"ನೀನು ಬೈಯಲ್ಲ, ಅದಕ್ಕೇ ಅವ್ರು ಹೆದರಲ್ಲ" ಎಂದರು ನಮ್ಮ ಯಜಮಾನರು ಚಂದ್ರಶೇಖರಪ್ಪನವರು.

"ನೀವೇ ಬೈಯಬಾರದಾ?"

"ನಾನಾ? ಅವ್ರೆಲ್ಲ ನಮ್ಮ ವಾಕಿಂಗ್ ಗ್ರೂಪಿನವ್ರು ಕಣೆ ಮಾರಾಯ್ತಿ! ಮುಖ ನೋಡೋದು ಹೇಗೆ?" ಎಂದವರೇ ಕಣ್ಣರಳಿಸಿದರು. "ಇರು. ನಮ್ಗೆ ದಾಕ್ಷಿಣ್ಯ. ಯಂತ್ರಕ್ಕೇನು ದಾಕ್ಷಿಣ್ಯ?"

ಹೀಗೆ ನಮ್ಮ ಮನೆಗೆ ಮಾತಾಡುವ ಕ್ಯಾಮೆರಾ ದಯಮಾಡಿಸಿತು. ಹಾಕಲು ಬಂದವರು ಗಾಂಧಿ ಬಜಾರಿನ ಕಡೆ ಅಂಗಡಿ ಇಟ್ಟಿರುವ ದುಶ್ಯಂತ್. ಏಣಿಯನ್ನು ತಾವು ಹತ್ತುವುದೋ ಬೇಡವೋ ಎಂದು ಮೊದಲು ಏಣಿಯೊಡನೆಯೇ ಸಮಾಲೋಚಿಸುವಂಥ ದೇಹ. ಆದರೆ ಕೆಲಸ ಮಾತ್ರ ಅಚ್ಚುಕಟ್ಟು. ಫೋನಿನ ಪರದೆಯ ಮೇಲೆ ನಮ್ಮ ಅಂಗಳದ ಚಿತ್ರ ಬರಿಸಿ, ಅದರ ಸುತ್ತ ಬೆರಳಿನಿಂದ ಒಂದು ಗೆರೆ ಎಳೆದರು.

"ಈ ಗೆರೆ ದಾಟಿ ಒಂದು ಕೈ ಬಂದ್ರೂ ಸಾಕು ಅಮ್ಮಾ, ಲೈಟು ಪಳಕ್ ಅನ್ನುತ್ತೆ, ಸೈರನ್ ಕೂಗುತ್ತೆ, ಆಮೇಲೆ ಬಾಯಲ್ಲಿ ಎಚ್ಚರಿಕೆ ಕೊಡುತ್ತೆ. ಬರೀ ಕದ್ದಿದ್ದನ್ನ ತೋರಿಸೋ ಕ್ಯಾಮೆರಾ ಅಲ್ಲ ಇದು, ಕದಿಯೋಕೇ ಬಿಡಲ್ಲ."

ನಾನಂತೂ ಬೆರಗಾಗಿ ನಿಂತೆ. ನಾಯಿ ಬಂದರೆ ಅದು ಸುಮ್ಮನಿರುತ್ತದೆ. ಬೆಕ್ಕು ಬಂದರೂ ಸುಮ್ಮನಿರುತ್ತದೆ. ಮನುಷ್ಯ ಬಂದರೆ ಮಾತ್ರ ಜಾಗೃತವಾಗುತ್ತದೆ. ಹುಟ್ಟಿದ ದಿನವೇ ಎಂಥ ಲೋಕಾನುಭವ!

ಆದರೆ ಅದರ ಹುಟ್ಟುಭಾಷೆ ಇಂಗ್ಲಿಷು. ಮರುದಿನ ಬೆಳಿಗ್ಗೆ ಷಡಕ್ಷರಪ್ಪ ಮೇಷ್ಟ್ರು ಕೊಕ್ಕೆ ಚಾಚಿದರು. (ಅವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಪಾರ್ಕಿನಲ್ಲಿ ಭಾನುವಾರ ಭಾನುವಾರ ನೀತಿಯ ಬಗ್ಗೆ ಉಪನ್ಯಾಸ ಕೊಡುವವರು.) ಕ್ಯಾಮೆರಾದೊಳಗಿನ ಹೆಂಗಸು ಏನೋ ಗದರಿದಳು. ಮೇಷ್ಟ್ರು ಕತ್ತೆತ್ತಿ ಕೇಳಿ, "ಉಚ್ಚಾರಣೆ ಬಹಳ ಶುದ್ಧವಾಗಿದೆ" ಎಂದು ಮೆಚ್ಚಿ, ಕವರು ತುಂಬಿಸಿಕೊಂಡು ಹೋದರು.

"ಕನ್ನಡದಲ್ಲಿ ಬೈಬೇಕು" ಎಂದು ಯಜಮಾನರು ದುಶ್ಯಂತರನ್ನು ಮತ್ತೆ ಕರೆಸಿದರು. ಯಾರ ಧ್ವನಿ ಬೇಕಾದರೂ ತುಂಬಿಸಬಹುದಂತೆ. ಯಜಮಾನರು ಎದೆಯುಬ್ಬಿಸಿ, "ಯಾರಲ್ಲಿ!" ಎಂದು ಗರ್ಜಿಸಿದರು. ಅದನ್ನು ಕ್ಯಾಮೆರಾ ತಿರುಗಿ ನುಡಿಸಿದಾಗ, ಸ್ನಾನದ ಮನೆಯಿಂದ ಟವಲು ಕೇಳುವಾಗಿನ ಧ್ವನಿಯಂತೆಯೇ ಇತ್ತು.

"ಅಮ್ಮಾ, ನೀವು ಹೇಳಿ ನೋಡೋಣ" ಎಂದರು ದುಶ್ಯಂತ್.

"ನಂಗೆ ಬೈಯೋಕೆ ಬರಲ್ಲಪ್ಪ." ಅದು ನಿಜ. ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುವುದಷ್ಟೇ ನನಗೆ ಬರುವ ವಿದ್ಯೆ.

"ಬೈಬೇಡಿ. ಹೇಳೋ ಥರಾನೇ ಹೇಳಿ."

ನಾನು ಮನಸ್ಸಿನಲ್ಲೇ ಶಿವನನ್ನು ನೆನೆದು ಹೇಳಿದೆ: "ಯಾರಪ್ಪಾ, ಯಾರಮ್ಮಾ ಅದು? ಹೂವು ಕೀಳ್ತಿದ್ದೀರಾ? ಕೇಳಿದ್ರೆ ಕೊಡ್ತಿರ್ಲಿಲ್ವಾ? ಕದ್ದ ಹೂವನ್ನ ಶಿವ ಕಣ್ಣೆತ್ತಿ ನೋಡಲ್ಲ. ಅಲ್ಲೇ ಇಟ್ಟು ಹೋಗಿ ಬನ್ನಿ."

"ಕಳ್ಳರಿಗೆ ಹೋಗಿ ಬನ್ನಿ ಅಂತೀಯಲ್ಲೇ!" ಎಂದು ಯಜಮಾನರು ಹಣೆ ಚಚ್ಚಿಕೊಂಡರು.

"ಬಾಗಿಲಿಗೆ ಬಂದವರನ್ನ ಹೋಗಿ ಅಂತ ಹೇಗ್ರೀ ಹೇಳೋದು? ನಮ್ಮತ್ತೆ ಒಂದು ದಿನಾನೂ ಹಾಗಂದಿಲ್ಲ."

ದುಶ್ಯಂತ್ ಮಾತ್ರ ತಲೆದೂಗಿದರು. "ಮೈ ಜುಂ ಅಂತು ಅಮ್ಮಾ. ಬೈದ್ರೆ ತಿರುಗಿಸಿ ಬೈತಾರೆ, ಇದಕ್ಕೆ ಏನಂತ ಉತ್ತರ ಕೊಡ್ತಾರೆ? ಈ ಧ್ವನೀನ ಗಿರಾಕಿಗಳಿಗೆ ತೋರಿಸೋಕೆ ಇಟ್ಕೊಳ್ಲಾ?"

"ಇಟ್ಕೊಳ್ಳಪ್ಪ" ಎಂದೆ. ಹೊಗಳಿಕೆ ಕಿವಿಗೆ ಬಿದ್ದಿತ್ತು, ಮುಂದಿನದು ಬಿದ್ದಿರಲಿಲ್ಲ.

ಮರುದಿನದ ವೈಭವವನ್ನು ಏನೆಂದು ಬಣ್ಣಿಸಲಿ! ಮೇಷ್ಟ್ರು ಕೊಕ್ಕೆ ಚಾಚಿದರು. ಲೈಟು ಪಳಕ್ಕೆಂದಿತು. ಸೈರನ್ ಕೂಗಿ ನಿಂತಿತು. ಗೋಡೆಯ ಮೇಲಿಂದ ನನ್ನ ಧ್ವನಿ ನಿಧಾನವಾಗಿ ಇಳಿದು ಬಂತು. ಮೇಷ್ಟ್ರು ಕವರು, ಕೊಕ್ಕೆ, ಒಂದು ಚಪ್ಪಲಿ ಇಷ್ಟನ್ನೂ ಅಲ್ಲೇ ಇಟ್ಟು ಹೋದರು. ಬಿಸಿಲೇರಿದ ಮೇಲೆ ಚಪ್ಪಲಿಗಾಗಿ ಬಂದವರು ಗೇಟಿನಾಚೆಯೇ ನಿಂತರು.

"ತಪ್ಪು ತಿಳೀಬೇಡಿ ಅಮ್ಮಾ. ಕೊಂಬೆ ರಸ್ತೆಗೆ ಬಾಗಿತ್ತು. ರಸ್ತೆಗೆ ಬಾಗಿದ ಕೊಂಬೆ ಸಾರ್ವಜನಿಕರದ್ದು ಅಂತ ನನ್ನ ಭಾವನೆ."

"ಕೊಂಬೆ ರಸ್ತೆಗೆ ಬಾಗಿದ್ರೂ ಬೇರು ನಮ್ಮನೇಲೇ ಇದೆಯಲ್ಲ ಸರ್?" ಎಂದುಬಿಟ್ಟೆ. ನನ್ನ ಬಾಯಿಂದ ಇಂಥ ಮಾತು! ಕ್ಯಾಮೆರಾದ ಸಹವಾಸವೇ ಇರಬೇಕು. ಮೇಷ್ಟ್ರು ಚಪ್ಪಲಿ ಮೆಟ್ಟಿ ತಲೆ ತಗ್ಗಿಸಿ ನಡೆದರು. ಆ ಮಾತನ್ನು ನಾನು ಎದುರು ಮನೆಯವರಿಗೆ, ಹಾಲಿನವನಿಗೆ, ಫೋನಿನಲ್ಲಿ ಮೈತ್ರಿಗೆ, ಅವಳ ಅತ್ತೆ ವಿಶಾಲಮ್ಮನವರಿಗೆ, ಹೀಗೆ ಸಿಕ್ಕಿದವರಿಗೆಲ್ಲ ಹೇಳಿದೆ. "ನೀವೂ ಹಾಕಿಸಿ, ನಿಮ್ಮ ನೆರೆಹೊರೆಯವರಿಗೂ ಹೇಳಿ" ಎಂದು ಕ್ಯಾಮೆರಾದ ಪ್ರಚಾರವನ್ನೂ ಧರ್ಮಕಾರ್ಯದಂತೆ ಮಾಡಿದೆ.

ಸೋಮವಾರಗಳು ಸುಖವಾಗಿ ಸಾಗಿದವು. ನಾನು ಅಂಗಳಕ್ಕಿಳಿಯುವ ಹೊತ್ತಿಗೆ ಯಜಮಾನರು ಫೋನಿನಲ್ಲಿ ಕ್ಯಾಮೆರಾದ ಬಾಯಿ ಮುಚ್ಚಿಸುತ್ತಿದ್ದರು. ಬುಟ್ಟಿ ತುಂಬ ಹೂವು. ಒಮ್ಮೊಮ್ಮೆ ಅವರೇ ಮರೆತು ಗಿಡಕ್ಕೆ ನೀರು ಹಾಕಲು ಹೋಗಿ ನನ್ನ ಧ್ವನಿಯಲ್ಲಿ ಬುದ್ಧಿ ಹೇಳಿಸಿಕೊಂಡು ಬರುತ್ತಿದ್ದರು. "ಮನೆಯೊಳಗೆ ತುಟಿ ಬಿಚ್ಚದವಳು ಗೋಡೆ ಹತ್ತಿ ಮಾತಾಡ್ತಾಳೆ" ಎಂದು ಅವರ ಗೊಣಗಾಟ.

ಕೊನೆಯ ಸೋಮವಾರಕ್ಕೆ ಒಂದು ದಿನ ಮೊದಲು, ಸಂಜೆ, ಭದ್ರಾವತಿಯಿಂದ ಫೋನು ಬಂತು. ಮೈತ್ರಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಉಟ್ಟ ಸೀರೆಯಲ್ಲೇ ಹೊರಟೆ.

"ನೀವೂ ಬನ್ನಿ ಅಂದ್ರೆ..."

"ನಾನೂ ಬಂದ್ರೆ ಕ್ಯಾಮೆರಾ ನೋಡ್ಕೊಳ್ಳೋರು ಯಾರು?" ಎಂದರು ಯಜಮಾನರು. (ಮನೆ ಕಾಯಲು ಕ್ಯಾಮೆರಾ, ಕ್ಯಾಮೆರಾ ಕಾಯಲು ಇವರು.)

ಆಸ್ಪತ್ರೆಯಲ್ಲಿ ಮಗಳ ತಲೆ ಸವರಿದೆ. ಇನ್ನೂ ಹೊತ್ತಾಗುತ್ತದೆ ಎಂದರು ಡಾಕ್ಟರು. ಅಳಿಯ ಅಲ್ಲೇ ಉಳಿದ. ಬೆಳಿಗ್ಗೆ ಗಂಜಿ ತೆಗೆದುಕೊಂಡು ಬನ್ನಿ ಎಂದು ನನ್ನನ್ನೂ ವಿಶಾಲಮ್ಮನವರನ್ನೂ ಅದೇ ಊರಿನ ಜನ್ನಾಪುರದಲ್ಲಿರುವ ಅವರ ಮನೆಗೆ ಕಳಿಸಿದ.

ಬೆಳಗಾಗುತ್ತಲೇ ಎದ್ದು ಮಿಂದೆ. ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮೊದಲು ಹೂವು ಬೇಕಲ್ಲ? ಬೀಗರ ಅಂಗಳಕ್ಕೆ ಬಂದು ನೋಡುತ್ತೇನೆ, ಸಿಮೆಂಟಿನ ಕುಂಡಗಳ ತುಂಬ ಬಣ್ಣಬಣ್ಣದ ಎಲೆಗಳು, ಒಂದು ಕಳ್ಳಿ, ಒಂದಿಷ್ಟು ಬದನೆ. ಹೂವೆಂಬುದು ಬಾಗಿಲ ತೋರಣದಲ್ಲಿ ಮಾತ್ರ, ಅದೂ ಪ್ಲಾಸ್ಟಿಕ್ಕು. ಅತ್ತ ಮಗಳು ನೋವು ತಿನ್ನುತ್ತಿದ್ದಾಳೆ, ಇತ್ತ ಹರಕೆಯ ಕೊನೆಯ ಸೋಮವಾರ ಬರಿಗೈಯಲ್ಲಿ ನಿಂತಿದೆ.

ಆಗ ಕಂಡಿತು ಪಕ್ಕದ ಮನೆ. ಕಾಂಪೌಂಡಿನ ಮೇಲೆ ಮೈ ಚೆಲ್ಲಿದ್ದ ದಾಸವಾಳ, ಹಾಲಿನಂಥ ನಂದಿಬಟ್ಟಲು. ಬಾಗಿಲು ಮುಚ್ಚಿತ್ತು. ಮಲಗಿದವರನ್ನು ಎಬ್ಬಿಸುವುದು ಸಭ್ಯತೆಯಲ್ಲ. ಇನ್ನು ಹರಕೆಯಲ್ಲಿ ನಾನು "ಕೈಯಾರೆ ಬಿಡಿಸಿದ ಹೂವು" ಎಂದಿದ್ದೆನೇ ಹೊರತು ಅದು ಯಾರ ಅಂಗಳದ್ದಾಗಿರಬೇಕು ಎಂದು ಹೇಳಿರಲಿಲ್ಲ. ಮೇಲಾಗಿ (ಶಿವನೇ, ಈ ಯೋಚನೆ ನನಗೇ ಬಂತು) ಕೊಂಬೆ ರಸ್ತೆಗೆ ಬಾಗಿತ್ತು.

ಸೆರಗನ್ನು ಮಡಿಲಾಗಿ ಹಿಡಿದು, ತುದಿಗಾಲಿನಲ್ಲಿ ನಿಂತು ಕೈ ಚಾಚಿದೆ. ಒಂದು ದಾಸವಾಳ ಬಂತು.

ಪಳಕ್ ಎಂದು ಬೆಳಕು. ಕಿವಿ ಸೀಳುವ ಸೈರನ್. ಆಮೇಲೆ ಗೋಡೆಯ ಮೇಲಿಂದ, ನಿಧಾನವಾಗಿ, ಪ್ರೀತಿಯಿಂದ:

"ಯಾರಪ್ಪಾ, ಯಾರಮ್ಮಾ ಅದು? ಹೂವು ಕೀಳ್ತಿದ್ದೀರಾ? ಕೇಳಿದ್ರೆ ಕೊಡ್ತಿರ್ಲಿಲ್ವಾ?"

ನನ್ನ ಧ್ವನಿ! ಭದ್ರಾವತಿಯ ಗೋಡೆಯ ಮೇಲೆ! ಒಂದು ಕ್ಷಣ ಶಿವನೇ ನನ್ನ ಬಾಯಲ್ಲಿ ನನ್ನನ್ನು ಕೇಳುತ್ತಿದ್ದಾನೆ ಎನ್ನಿಸಿತು. ಆಮೇಲೆ ದುಶ್ಯಂತರ "ಇಟ್ಕೊಳ್ಲಾ?" ನೆನಪಾಯಿತು. ಓಡಲು ಆಗಲಿಲ್ಲ. ಯಾರ ಮಾತನ್ನೂ ಅರ್ಧಕ್ಕೆ ಬಿಟ್ಟು ಹೋಗುವ ಅಭ್ಯಾಸ ನನಗಿಲ್ಲ; ಪೂರ್ತಿ ನಿಂತು ಕೇಳಿದೆ. ಕದ್ದ ಹೂವನ್ನು ಶಿವ ಕಣ್ಣೆತ್ತಿ ನೋಡುವುದಿಲ್ಲ ಎಂಬಲ್ಲಿಗೆ ಬಂದಾಗ ಕಣ್ಣಲ್ಲಿ ನೀರು ಬಂತು. ಎಷ್ಟು ಚೆನ್ನಾಗಿ ಹೇಳಿದ್ದೇನೆ!

ಬಾಗಿಲು ತೆರೆಯಿತು. ಬನಿಯನ್ನು, ಪಂಚೆ, ಕೈಯಲ್ಲಿ ಟಾರ್ಚು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಭೈರಪ್ಪನವರು ಎಂದು ಆಮೇಲೆ ತಿಳಿಯಿತು.

"ಯಾರ್ರೀ ಅದು?"

"ತಪ್ಪಾಯ್ತಪ್ಪ. ಪಕ್ಕದ ಮನೆ ಮೈತ್ರಿ ತಾಯಿ ನಾನು. ಹರಕೆ ಇತ್ತು, ನೀವು ಮಲಗಿದ್ದೀರಿ ಅಂತ..."

ಭೈರಪ್ಪನವರು ನನ್ನ ಮುಖ ನೋಡಿದರು. ಕ್ಯಾಮೆರಾ ನೋಡಿದರು. ಮತ್ತೆ ನನ್ನ ಮುಖ ನೋಡಿದರು. "ಇನ್ನೊಂದ್ಸಲ ಮಾತಾಡಿ?"

"ಏನು ಮಾತಾಡ್ಲಿ?"

"ಅಯ್ಯೋ ಅಮ್ಮಾ! ಬೈಯೋರೂ ನೀವೇ, ಬೈಸ್ಕೊಳ್ಳೋರೂ ನೀವೇನಾ?" ಎಂದು ಹೊಟ್ಟೆ ಹಿಡಿದು ನಗತೊಡಗಿದರು. "ವಿಶಾಲಮ್ಮೋರು ಹೇಳಿದ್ರು ಅಂತ ನಾನೂ ಹಾಕಿಸ್ದೆ. ದಿನಾ ಕೇಳ್ತೀನಿ ಈ ಧ್ವನೀನ. ಯಾರೋ ದೊಡ್ಡ ಶರಣೆ ಇರ್ಬೇಕು ಅನ್ಕೊಂಡಿದ್ದೆ!"

ಅಷ್ಟರಲ್ಲಿ ಸೈರನ್ನಿಗೆ ಎದ್ದ ಬೀದಿ ನೆರೆದಿತ್ತು. ಎದುರು ಮನೆಯ ಅಜ್ಜಿ "ಅಯ್ಯಯ್ಯೋ, ಎನ್ನಮ್ಮಾ ಆಚ್ಚು?" ಎಂದು ತಮಿಳಿನಲ್ಲೇ ಏನಾಯಿತೆಂದು ವಿಚಾರಿಸುತ್ತಾ ಬಂದರು. ವಿಶಾಲಮ್ಮನವರು ಕೆದರಿದ ಜಡೆಯಲ್ಲಿ ಗೇಟಿಗೆ ಬಂದು, ಸೆರಗಲ್ಲಿ ದಾಸವಾಳ ಹಿಡಿದು ನಿಂತ ಬೀಗಿತಿಯನ್ನು ಕಣ್ತುಂಬ ನೋಡಿದರು.

"ಹೂವಿಗೇನು ಅಮ್ಮಾ, ನಾನೇ ಕಿತ್ಕೊಡ್ತೀನಿ" ಎಂದರು ಭೈರಪ್ಪನವರು.

"ನನ್ನ ಕೈಯಾರೆ ಬಿಡಿಸ್ಬೇಕು ಅಂತ ಹರಕೆ..."

"ಹಾಗಾದ್ರೆ ಬಿಡಿಸ್ಕೊಳ್ಳಿ. ಬೇಕಾದಷ್ಟು."

"ಇದನ್ನ ಸ್ವಲ್ಪ ಸುಮ್ಮನಾಗಿಸ್ತೀರಾ?"

"ಅದು ಮಗನ ಫೋನಲ್ಲಿದೆ. ಅವ್ನು ಸೋಗಾನೆ ಏರ್‌ಪೋರ್ಟಿಗೆ ಡ್ಯೂಟಿಗೆ ಹೋಗಿದ್ದಾನಲ್ಲ."

ಆದ್ದರಿಂದ, ಮಾಲೀಕರ ಸಮ್ಮುಖದಲ್ಲಿ, ಅವರ ಸಂಪೂರ್ಣ ಒಪ್ಪಿಗೆಯಿಂದ, ನಾನು ಒಂದೊಂದೇ ಹೂವಿಗೆ ಕೈ ಚಾಚಿದೆ. ಮತ್ತೆ ಮತ್ತೆ ಬೆಳಕು, ಸೈರನ್, ಮತ್ತೆ ಮತ್ತೆ ನನ್ನ ಉಪದೇಶ. ಬೀದಿಯವರಿಗೆ ಅದು ಬಾಯಿಪಾಠವಾಯಿತು. ಕೊನೆಕೊನೆಗೆ "ಅಲ್ಲೇ ಇಟ್ಟು ಹೋಗಿ ಬನ್ನಿ" ಎಂಬಲ್ಲಿಗೆ ಎಲ್ಲರೂ ದನಿಗೂಡಿಸುತ್ತಿದ್ದರು. ಬೀಗಿತಿಯ ದನಿಯೇ ಜೋರಾಗಿತ್ತು.

ಪೂಜೆ ಮುಗಿಸಿ ಕಣ್ಣು ತೆರೆಯುವಾಗ ಫೋನು ಹೊಡೆದುಕೊಂಡಿತು. ಹೆಣ್ಣು ಮಗು. ಸುಸೂತ್ರ ಹೆರಿಗೆ, ತಾಯಿ ಮಗು ಕ್ಷೇಮ. ಶಿವ ಕಣ್ಣೆತ್ತಿ ನೋಡಿದ್ದ. ಕೇಳಿ ಪಡೆದ ಹೂವನ್ನೋ, ಮೊದಲೇ ಕಿತ್ತಿದ್ದ ಆ ಒಂದು ದಾಸವಾಳವನ್ನೋ, ಅವನಿಗೇ ಗೊತ್ತು.

ಬಾಣಂತಿಯ ನೀರು, ಔಷಧಿ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಶಿವಮೊಗ್ಗಕ್ಕೆ ಮರಳಿದೆ. ಯಜಮಾನರು ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದರು. ಭೈರಪ್ಪನವರ ಮಗ ಆ ವಿಡಿಯೋವನ್ನು ದುಶ್ಯಂತರಿಗೆ ಕಳಿಸಿದ್ದನಂತೆ. ದುಶ್ಯಂತ್ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರು, ಅಲ್ಲಿಂದ ಅದು ಊರೆಲ್ಲ ಸುತ್ತಿತ್ತು. ಮರ್ಯಾದೆಯಿರಲಿ ಎಂದು ನನ್ನ ಮುಖದ ಮೇಲೆ ಒಂದು ದಾಸವಾಳದ ಚಿತ್ರ ಅಂಟಿಸಿದ್ದರು. ಧ್ವನಿಯ ಮೇಲೆ ಏನನ್ನು ಅಂಟಿಸುವುದು?

"ರೀ, ನನ್ನ ಧ್ವನಿ ತೆಗೆಸ್ಬಿಡಿ. ಆ ಇಂಗ್ಲಿಷಿನವಳೇ ಇರ್ಲಿ."

"ಸುಮ್ನಿರೆ. ನಿನ್ನ ಮಾತನ್ನ ಊರೇ ಕೇಳ್ತಿತ್ತು. ಈಗ ನೀನೂ ಕೇಳೋಕೆ ಶುರು ಮಾಡಿದೀಯ."

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ಷಡಕ್ಷರಪ್ಪ ಮೇಷ್ಟ್ರು. ಕೊಕ್ಕೆಯಿಲ್ಲ, ಕವರಿಲ್ಲ, ಕೈಯಲ್ಲಿ ಒಂದು ಹಿತ್ತಾಳೆ ತಟ್ಟೆ.

"ಅಮ್ಮಾ, ಪೂಜೆಗೆ ಎರಡು ದಾಸವಾಳ ಕೊಡ್ತೀರಾ? ಕೇಳಿದ್ರೆ ಕೊಡ್ತೀರಂತೆ, ಅದಕ್ಕೇ ಕೇಳ್ತಿದ್ದೀನಿ."

ಎಂಥ ಬದಲಾವಣೆ! ನನ್ನ ಮನಸ್ಸು ತುಂಬಿ ಬಂತು. "ಅಯ್ಯೋ, ತಟ್ಟೆ ತುಂಬ ಬಿಡಿಸ್ಕೊಳ್ಳಿ ಸರ್" ಎಂದು, ಯಜಮಾನರಿಗೆ ಹೇಳಿ ಕ್ಯಾಮೆರಾದ ಬಾಯಿ ಮುಚ್ಚಿಸಿ ಗೇಟು ತೆರೆದೆ.

ಮೇಷ್ಟ್ರು ಹೂವಿಗೆ ಕೈ ಹಾಕಿದವರು ಹಾಗೇ ನಿಂತು, ಕ್ಯಾಮೆರಾದತ್ತ ಒಮ್ಮೆ ನೋಡಿ, ಬಹಳ ವಿನಯದಿಂದ ನನ್ನತ್ತ ತಿರುಗಿದರು.

"ಭದ್ರಾವತೀಲೂ ಕೊಂಬೆ ರಸ್ತೆಗೆ ಬಾಗಿತ್ತಂತೆ, ಹೌದಾ ಅಮ್ಮಾ?"