ಕಾಕಾನ ಆಲ್ಬಮ್ಮಿನಲ್ಲಿ ಕೆರೆ ತುಂಬಿತ್ತು

ನಾನು ಡಿಗ್ರಿ ಮುಗಿಸುವುದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಔರಾದಿನ ನಮ್ಮ ಅತ್ತೆ, ಅಪ್ಪನ ಅಕ್ಕ. "ನಮ್ಮ ಖಾಂದಾನಿನಾಗ ಹತ್ತನೇ ಕ್ಲಾಸ್ ದಾಟಿದವರು ಯಾರದಾರ? ಈಕಿ ಡಿಗ್ರಿ ಮಾಡ್ತಾಳಂತ" ಎಂದು ಅವರು ಊರಿಗೆಲ್ಲ ಕೇಳುವಂತೆ ನಕ್ಕರು. ಆಮೇಲೆ ನಮ್ಮೂರ ಕಿರಾಣಿ ಅಂಗಡಿಯವರು ಹೇಳಿದರು. ಆಮೇಲೆ, ಯಾರೂ ಕೇಳದಿದ್ದರೂ, ಭಾಲ್ಕಿ ಬಸ್ಸಿನ ಕಂಡಕ್ಟರ್ ಹೇಳಿದರು. ಹೇಳದೆ ಉಳಿದವರು ಒಬ್ಬರೇ, ನಮ್ಮ ಕಾಕಾ. ಅವರಿಗೆ ನನ್ನ ಮೇಲೆ ಭಾರೀ ಭರವಸೆ ಇತ್ತು ಎಂದುಕೊಳ್ಳಬೇಡಿ. ಅವರ ಪ್ರಕಾರ ನನ್ನ ಡಿಗ್ರಿ ಆಗಲೇ ಆಗಿಹೋಗಿತ್ತು. ಫೋಟೋ ಅವರ ಹತ್ತಿರ ಇತ್ತು.

ಡಿಗ್ರಿಗಿಂತ ಮೊದಲು ಡಿಗ್ರಿಯ ಫೋಟೋ ಹೇಗೆ ಬಂತು ಎಂದು ಕೇಳುತ್ತೀರಿ. ಕೇಳಲೇಬೇಕು. ಆಗ ನನ್ನ ಪಿಯುಸಿ ಮುಗಿದಿತ್ತು. ಬರದ ವರ್ಷ. ಅಪ್ಪ, ಅವ್ವ ಊರಿನ ಅರ್ಧ ಜನರ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಾನು ಅವರ ಹಿಂದೆ ಹೋಗಿ ಇಟ್ಟಂಗಿ ಹೊರಬೇಕು, ಇಲ್ಲವೇ ಅತ್ತೆ ಕಮಲನಗರದಲ್ಲಿ ನೋಡಿಟ್ಟ ಗಂಡಿಗೆ ಕೊರಳು ಕೊಡಬೇಕು. ಬೀದರಿನ ಕಾಲೇಜು ಎಂಬ ಮೂರನೆಯ ದಾರಿ ನನ್ನ ತಲೆಯಲ್ಲಿ ಮಾತ್ರ ಇತ್ತು. ಅಂಥ ಹೊತ್ತಿಗೆ ಕಾಕಾ ನಡುವೆ ಬಂದರು. ಅವರು ನಡುವೆ ಬಂದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅವರ ಕಸುಬು ತಿಳಿಯಬೇಕು.

ಕಾಕಾ ಅಪ್ಪನ ತಮ್ಮ. ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಫೋಟೋ ಸ್ಟುಡಿಯೋ. ಬೇರೆ ಫೋಟೋಗ್ರಾಫರುಗಳು ಇದ್ದದ್ದನ್ನು ತೆಗೆಯುತ್ತಾರೆ, ನಮ್ಮ ಕಾಕಾ ಇಲ್ಲದ್ದನ್ನು ತೆಗೆಯುತ್ತಾರೆ. "ಇದ್ದದ್ದು ಬರೀ ಕಣ್ಣಿಗೇ ಕಾಣ್ತದ. ಅದಕ್ಕ ಕ್ಯಾಮೆರಾ ಯಾಕ ಬೇಕ್ರಿ?" ಇದು ಅವರ ಸಿದ್ಧಾಂತ. ಯಾರದೇ ಮುಖದಲ್ಲಿ ಸುಕ್ಕು, ಕಲೆ, ಗೀರು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಕಂಪ್ಯೂಟರಿನಲ್ಲಿ ತಿಕ್ಕಿ ತಿಕ್ಕಿ ಮುಖವನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಮಾಡಿಬಿಡುತ್ತಾರೆ. ನಮ್ಮೂರ ಒಬ್ಬ ಅಜ್ಜಿ ವೃದ್ಧಾಪ್ಯ ಪಿಂಚಣಿಯ ಅರ್ಜಿಗೆಂದು ಅವರ ಹತ್ತಿರ ಫೋಟೋ ತೆಗೆಸಿಕೊಂಡಳು. ಅರ್ಜಿ ತಿರುಗಿ ಬಂತು. ಫೋಟೋದಲ್ಲಿರುವ ಹೆಣ್ಣುಮಗಳಿಗೆ ಪಿಂಚಣಿಗಿಂತ ಮೊದಲು ಮದುವೆ ಆಗಬೇಕು ಎಂದು ಆಫೀಸಿನವರು ಹೇಳಿ ಕಳಿಸಿದರಂತೆ. ಅಜ್ಜಿ ಬಯ್ದಳು. ಆದರೆ ಆ ಫೋಟೋ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿಕೊಂಡಳು.

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಉದ್ದ ಗೀರು ಇದೆ. ಚಿಕ್ಕಂದಿನಲ್ಲಿ ಅಪ್ಪನ ಬಾಜೂ ಕೂತು ತೊಗರಿ ಕೊಯ್ಯುವಾಗ ಕುಡಗೋಲು ತಾಗಿದ್ದು. ಅದನ್ನು ಕಂಡಾಗಲೆಲ್ಲ ಕಾಕಾ, "ಬಾ ಇಲ್ಲಿ, ಒಂದು ಮಿನಿಟಿನಾಗ ತೆಗ್ದುಬಿಡ್ತೇನಿ" ಎನ್ನುತ್ತಿದ್ದರು, ನನ್ನನ್ನೇ ಕಂಪ್ಯೂಟರಿಗೆ ಹಾಕುವವರ ಹಾಗೆ.

ಮದುವೆ ಜೋಡಿಗಳನ್ನು ಅವರು ಬೀದರಿನ ಹಳೆಯ ಸುಲ್ತಾನರ ಗೋರಿಗಳ ಹತ್ತಿರ ಕರೆದೊಯ್ಯುತ್ತಾರೆ. ಮದುಮಗ ದೂರದಲ್ಲಿ ನಿಂತು ಅಂಗೈ ಚಾಚಬೇಕು, ಹಿಂದಿನ ಗುಮ್ಮಟ ಅವನ ಅಂಗೈ ಮೇಲೆ ಲಾಡುವಿನಂತೆ ಕೂರಬೇಕು. ಇದಕ್ಕೆ ಕಾಕಾ ನೆಲದ ಮೇಲೆ ಅಂಗಾತ ಮಲಗಿ, ಕತ್ತು ತಿರುಗಿಸಿ, ಒಂದು ಕಾಲು ಎತ್ತಿ ಕ್ಯಾಮೆರಾ ಹಿಡಿಯುತ್ತಾರೆ. ಕಾಲು ಯಾಕೆ ಎತ್ತುತ್ತಾರೋ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ಹೀಗೆ ಮಲಗಿದ್ದಾಗ ದಾರಿಯಲ್ಲಿ ಹೋಗುತ್ತಿದ್ದವರು ಫಿಟ್ಸ್ ಬಂದಿದೆ ಎಂದು ಓಡಿ ಬಂದು ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಕಾಕಾ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದರು: "ಉಳ್ಳಾಗಡ್ಡಿ ಸ್ವಲ್ಪ ಬಾಜೂ ಸರಸ್ರಿ, ಫ್ರೇಮಿನಾಗ ಬರ್ಲಿಕತ್ತದ."

ಬರ ಬಂದ ಮೇಲೆ ಇಂಥ ಲಾಡುಗಳಿಗೆ ಗಿರಾಕಿ ಕಡಿಮೆಯಾದರು. ಇಡೀ ಮನೆಯವರು ಒಂದು ಫೋಟೋದಲ್ಲಿ ಸಿಗುವುದೇ ನಿಂತುಹೋಯಿತು. ಒಬ್ಬ ಪುಣೆಯಲ್ಲಿ, ಒಬ್ಬ ಹೈದರಾಬಾದಿನಲ್ಲಿ, ಸೊಸೆ ತವರಿನಲ್ಲಿ. ಬೇರೆ ಸ್ಟುಡಿಯೋದವರು ನೊಣ ಹೊಡೆಯುತ್ತ ಕೂತರು. ಕಾಕಾ ಮಾತ್ರ ಹೊಸ ವಿದ್ಯೆ ತೆಗೆದರು. ಮನೆಮಂದಿಯನ್ನು ಸಾಲಾಗಿ ನಿಲ್ಲಿಸುವುದು, ನಡುವೆ ಜಾಗ ಬಿಡಿಸುವುದು. "ಅಮ್ಮಾ, ಅತ್ತಾಗ ಸರೀರಿ. ಇಲ್ಲಿ ನಿಮ್ಮ ದೊಡ್ಡ ಮಗ ಬರ್ತಾನ." ಆ ತಾಯಿ ಖಾಲಿ ಜಾಗದ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ನಿಲ್ಲುವಳು. ಮಗ ಪುಣೆಯಲ್ಲಿ ಸಿಮೆಂಟ್ ಗೋಡೆಯ ಮುಂದೆ ನಿಂತು ಮೊಬೈಲಿನಲ್ಲಿ ತನ್ನ ಫೋಟೋ ತೆಗೆಸಿ ಕಳಿಸುವನು. ಕಾಕಾ ಅವನನ್ನು ಕತ್ತರಿಸಿ ತಂದು ಆ ಜಾಗದಲ್ಲಿ ನಿಲ್ಲಿಸುವರು.

ಆದರೆ ಕಾಕಾನ ಕತ್ತರಿ ಅಂದರೆ ಕಾಕಾನ ಕತ್ತರಿ. ಕೆಲವು ಮಕ್ಕಳು ಮನೆಯ ಬಾಗಿಲಿಗಿಂತ ಎತ್ತರ ಬಂದರು. ಮನೆಯವರ ನೆರಳು ಎಡಕ್ಕೆ ಬಿದ್ದರೆ ಮಗನ ನೆರಳು ಬಲಕ್ಕೆ. "ನಮ್ಮ ಕಡಿ ಎರಡು ಸೂರ್ಯ ಅವೇನ್ರಿ ಕಾಕಾ?" ಎಂದು ನಾನು ಕೇಳಿದರೆ, "ಈ ಬಿಸಿಲು ನೋಡಿದ್ರ ಒಂದೇ ಅದ ಅಂತ ಯಾರು ಹೇಳ್ತಾರ?" ಎಂದರು. 

ನಮ್ಮ ಬಾಜೂಮನೆಯ ಫೋಟೋದಲ್ಲಿ ಇನ್ನೊಂದು ತಮಾಷೆಯಾಯಿತು. ಪುಣೆಯಲ್ಲಿ ಆ ಮನೆಯ ಮೊಮ್ಮಗನ ಹೆಗಲ ಮೇಲೆ ಗೆಳೆಯನೊಬ್ಬ ಕೈ ಹಾಕಿ ನಿಂತಿದ್ದ. ಕಾಕಾ ಗೆಳೆಯನನ್ನು ತೆಗೆದರು, ಕೈ ತೆಗೆಯುವುದನ್ನು ಮರೆತರು. ಮನೆಯವರ ನಡುವೆ ನಿಂತ ಹುಡುಗನ ಹೆಗಲ ಮೇಲೆ, ಯಾರದೂ ಅಲ್ಲದ ಒಂದು ಕೈ. ಅವನ ಅಜ್ಜಿ ನೋಡಿದವಳೇ, ಅದು ತೀರಿಹೋದ ತನ್ನ ಗಂಡನ ಕೈ, ಮೊಮ್ಮಗನಿಗೆ ಆಶೀರ್ವಾದ ಮಾಡಲು ಬಂದಿದೆ ಎಂದು ಅದಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ಹಬ್ಬಕ್ಕೆ ಬಂದ ಹುಡುಗ ನಕ್ಕು, "ಆಯಿ, ಅದು ನಮ್ಮ ಸೆಂಟ್ರಿಂಗ್ ಮೇಸ್ತ್ರಿ ಕೈ" ಎಂದ. ಅಜ್ಜಿ ಫೋಟೋವನ್ನು ಸೆರಗಿನಿಂದ ಒರೆಸಿದಳು. "ಇರ್ಲಿ ಬಿಡು. ಪರದೇಶದಾಗ ನಿನ್ನ ಹೆಗಲ ಮ್ಯಾಲ ಕೈ ಇಟ್ಟಾನಲ್ಲ" ಎಂದು ಮರುದಿನವೂ ಕುಂಕುಮ ಹಚ್ಚಿದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾಕಾನಿಗೆ ಇಂಟರ್ನೆಟ್ಟಿನ ಆಲ್ಬಮ್ ಸಿಕ್ಕಿತು. "ಟ್ರಂಕಿನಾಗ ಇಟ್ಟ ಆಲ್ಬಮ್ ಇಲಿ ನೋಡ್ತಾವ. ಮ್ಯಾಲ ಹಾಕಿದ್ದು ಮಂದಿ ನೋಡ್ತಾರ" ಎಂದು ಊರಿನ ಫೋಟೋಗಳನ್ನೆಲ್ಲ ಮೇಲೆ ಹಾಕಿ, ಪುಣೆ, ಹೈದರಾಬಾದ್, ಮುಂಬೈಯಲ್ಲಿದ್ದ ನಮ್ಮವರ ಮೊಬೈಲಿಗೆಲ್ಲ ಲಿಂಕ್ ಕಳಿಸಿದರು. ಊರಿನಲ್ಲಿದ್ದಾಗ ಕಾಕಾ ಸಿಗ್ನಲ್ಲಿಗಾಗಿ ನೀರಿನ ಟಾಕಿ ಹತ್ತಿ ಕೂರುತ್ತಿದ್ದರು. ಟಾಕಿಯಲ್ಲಿ ನೀರಂತೂ ಇರಲಿಲ್ಲ. ಸರ್ಕಾರ ಅಷ್ಟು ಖರ್ಚು ಮಾಡಿ ಕಟ್ಟಿಸಿದ್ದಕ್ಕೆ ಸಿಗ್ನಲ್ಲಾದರೂ ಬಂತು.

ಊರು ಬಿಟ್ಟವರಿಗೆ ಊರು ಚೆನ್ನಾಗಿ ಕಾಣಲಿ ಎಂದು ಕಾಕಾ ಆಲ್ಬಮ್ಮಿನಲ್ಲಿ ಒಂದಿಷ್ಟು ಮಳೆ ಸುರಿಸಿದರು. ಹೊಲ ಹಸಿರಾಯಿತು. ಬಿರುಕು ಬಿಟ್ಟ ಕೆರೆ ತುಂಬಿ, ಅದರಲ್ಲಿ ಎಲ್ಲಿಂದಲೋ ಬಂದ ಬಾತುಕೋಳಿ ತೇಲಿದವು. ನಮ್ಮ ದೂರದ ಮಾವನೊಬ್ಬರು ಇದನ್ನು ಹೈದರಾಬಾದಿನಲ್ಲಿ ನೋಡಿ, ಹಿಡಿದ ಕೆಲಸ ಬಿಟ್ಟು, ಹೆಂಡತಿ, ಗಂಟುಮೂಟೆ, ಸ್ಟವ್ ಸಮೇತ ಊರಿಗೆ ಬಂದಿಳಿದರು. ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮಾವ ಸ್ಟವ್ ಹಿಡಿದುಕೊಂಡೇ ಸ್ಟುಡಿಯೋಗೆ ನುಗ್ಗಿದರು.

"ಎಲ್ಲಿ ಅದಲೇ ನೀರು?"

"ನೀರು ನಾ ಫೋಟೋದಾಗ ಹಾಕೀನ್ರಿ" ಎಂದರು ಕಾಕಾ ಶಾಂತವಾಗಿ. "ನೀವು ಕೆರ್ಯಾಗ ಹುಡುಕಿದ್ರ ಹ್ಯಾಂಗ?"

ಮಾವ ಸ್ಟವ್ ಎತ್ತಿದರು. ನಾನೇ ನಡುವೆ ಹೋಗಿ ಬಿಡಿಸಿದೆ. ಅಷ್ಟರಲ್ಲೂ ಕಾಕಾ, "ಹಂಗೇ ನಿಂದ್ರಿ, ಸಿಟ್ಟು ಚಂದ ಬಂದದ" ಎಂದು ಕ್ಯಾಮೆರಾ ಹುಡುಕುತ್ತಿದ್ದರು.

ಇಂಥವರ ಕೈಗೆ ನನ್ನ ಪಿಯುಸಿ ರಿಸಲ್ಟ್ ಸಿಕ್ಕಿತು. ಸಂಜೆಯೊಳಗೆ ಆಲ್ಬಮ್ಮಿನಲ್ಲಿ ನಾನು ಪದವೀಧರೆಯಾಗಿ ನಿಂತಿದ್ದೆ. ಕರಿ ಗೌನು, ಕರಿ ಟೋಪಿ, ಕೈಯಲ್ಲಿ ಸುರುಳಿ ಮಾಡಿದ ಸರ್ಟಿಫಿಕೇಟು. ಮೈ ಬೀದರಿನ ಯಾವುದೋ ಸಿರಿವಂತರ ಮಗಳದು. ತೆಳ್ಳಗಿನ ಬೆರಳು, ಬಂಗಾರದ ಬಣ್ಣದ ವಾಚು. ತಲೆ ಮಾತ್ರ ನನ್ನದು, ಅದೂ ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ಟಿನಿಂದ ಕಿತ್ತದ್ದು. ಎಣ್ಣೆ ಹಚ್ಚಿದ ಎರಡು ಜಡೆ, ಕೆಂಪು ರಿಬ್ಬನ್ನು. ಟೋಪಿ ಕೂರಿಸುವ ಗಡಿಬಿಡಿಯಲ್ಲಿ ಕಿವಿ ಎರಡೂ ಹೋಗಿದ್ದವು. ಕೆಳಗೆ ಬರೆದಿತ್ತು: ನಮ್ಮ ಮನೆಯ ಮೊದಲ ಪದವೀಧರೆ.

"ಕಾಕಾ, ನಾ ಪಾಸಾಗಿದ್ದು ಪಿಯುಸಿರಿ. ಡಿಗ್ರಿಗಿ ಇನ್ನ ಮೂರು ವರ್ಷ ಅದ. ಸೀಟೂ ತಗೊಂಡಿಲ್ಲ."

"ಮೂರು ವರ್ಷ ಕಾಯಾಕ ಪುರಸೊತ್ತು ಯಾರಿಗದ? ನಾ ಅಡ್ವಾನ್ಸ್ ತೆಗ್ದಿಟ್ಟೀನಿ. ನೀ ಹಿಂದಿಂದ ಬಾ."

ಮೊದಲ ಏಟು ಬಿದ್ದದ್ದು ಕಮಲನಗರದಲ್ಲಿ. ಗಂಡಿನ ಕಡೆಯವರೂ ಆಲ್ಬಮ್ ನೋಡಿದರು. ಹುಡುಗ ಒಂಬತ್ತನೇ ಕ್ಲಾಸು ಎರಡು ಸಲ ಓದಿದವನು. ಅವರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅತ್ತೆಗೆ ಫೋನ್ ಮಾಡಿ, "ಇಷ್ಟು ಕಲಿತ ಹುಡುಗಿ ನಮಗ ನಕೋ, ಬ್ಯಾಡ್ರಿ ಬಾಯಿ" ಎಂದು ಕೈಮುಗಿದರು. ಅತ್ತೆ ಔರಾದಿನಿಂದ ಕಾಕಾನಿಗೆ ಫೋನ್ ಹಚ್ಚಿದರು. ಆ ಫೋನು ಕಿವಿಯಿಂದ ಮಾರು ದೂರ ಹಿಡಿದರೂ ಕೇಳುತ್ತಿತ್ತು.

"ಏ ಖೋಡಿ, ಸಂಬಂಧ ಮುರದ್ಯಲ್ಲೋ. ಅದಿರ್ಲಿ, ಹುಡುಗಿ ಕಿವಿ ಎಲ್ಲಿ ಒಗದಿ?"

"ಅಕ್ಕಾ, ಡಿಗ್ರಿ ಆದ ಮ್ಯಾಲ ಕಿವಿ ಯಾಕ ಬೇಕು? ಯಾರ ಮಾತು ಕೇಳೋದದ?"

ಎರಡನೆಯ ಸುದ್ದಿ ಪುಣೆಯಿಂದ ಬಂತು. ಅಪ್ಪ ಆ ಫೋಟೋವನ್ನು ಮೇಸ್ತ್ರಿಗೆ, ಗುತ್ತೇದಾರರಿಗೆ, ಚಹಾದ ಅಂಗಡಿಯವನಿಗೆ, ಲಿಫ್ಟಿನ ಕೆಲಸದ ಬಿಹಾರದ ಹುಡುಗರಿಗೆ ತೋರಿಸಿದ್ದರಂತೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪಿಯುಸಿ ಎಲ್ಲಿ ಮುಗಿಯುತ್ತದೆ, ಡಿಗ್ರಿ ಎಲ್ಲಿ ಶುರುವಾಗುತ್ತದೆ ಅವರಿಗೆ ಹೇಗೆ ಗೊತ್ತಾಗಬೇಕು? ಫೋಟೋ ನಂಬಿಬಿಟ್ಟಿದ್ದಾರೆ ಎಂದುಕೊಂಡೆ. ಫೋನ್ ಮಾಡಿ, "ಅಪ್ಪಾ, ಇನ್ನ ಮೂರು ವರ್ಷ ಓದೋದದ" ಎಂದೆ.

ಅಪ್ಪ ಕೇಳಿದರು: "ಮತ್ತ ಆ ಕರಿ ಕೋಟು ವಾಪಸ್ ಇಸ್ಕೋತಾರೇನು?"

"ಇಲ್ಲಪ್ಪ."

"ಹಂಗಾದ್ರ ಓದು. ಪುಣೆಗಿ ಬರಬ್ಯಾಡ. ಮಂದಿಗಿ ತೋರ್ಸೀನಿ."

ಹೀಗೆ ನನ್ನ ಮದುವೆ ಮುರಿದುಬಿತ್ತು, ಪುಣೆ ತಪ್ಪಿತು, ಬೀದರಿನ ಕಾಲೇಜು ಸಿಕ್ಕಿತು. ನನ್ನ ಮಾರ್ಕ್ಸಿನಿಂದಲ್ಲ, ಕಿವಿಯಿಲ್ಲದ ಒಂದು ಸುಳ್ಳು ಫೋಟೋದಿಂದ. ಇದಕ್ಕಿಂತ ಅವಮಾನ ಬೇಕೇ?

ಆ ವರ್ಷಗಳನ್ನು ನಾನು ವರ್ಣಿಸುವುದಿಲ್ಲ. ಹಾಸ್ಟೆಲಿನಲ್ಲಿ ಟ್ಯಾಂಕರ್ ಬಂದ ದಿನ ಸ್ನಾನ, ಬಾರದ ದಿನ ಓದು. ರಜೆ ಬಂದರೆ ಪುಣೆಗೆ ಹೋಗಿ ಅವ್ವನ ಜೊತೆ ಇಟ್ಟಂಗಿ ಹೊತ್ತೆ. ಅಲ್ಲಿನವರಿಗೆಲ್ಲ ನನ್ನ ಗುರುತು ಇತ್ತು. "ಕೋಟಿನವ್ವ, ಕೋಟು ಮನ್ಯಾಗ ಬಿಟ್ಟು ಬಂದೀಯೇನು?" ಎಂದು ಕಾಡುತ್ತಿದ್ದರು. ಪರೀಕ್ಷೆಯಲ್ಲಿ ಪೆನ್ನು ನಿಂತಾಗಲೆಲ್ಲ ಆ ಟೋಪಿ ಹಾಕಿದ ಎರಡು ಜಡೆಯವಳು ಎದುರಿಗೆ ಬಂದು ನಿಲ್ಲುತ್ತಿದ್ದಳು. ಅವಳು ಓದದೇ ಪಾಸಾದವಳು. ಅವಳ ಮುಂದೆ ನಾನು ಸೋಲಬಹುದೇ? ಸೋಲಲಿಲ್ಲ. ಯಾರ ಶಿಫಾರಸೂ ಇಲ್ಲದೆ ಪಾಸಾದೆ.

ಸರ್ಟಿಫಿಕೇಟು ಕೊಡುವ ದಿನ ಅಪ್ಪ ಪುಣೆಯಿಂದ ನೇರ ಬೀದರಿಗೆ ಬಂದರು. ಇಬ್ಬರಿಗೂ ಒಟ್ಟಿಗೆ ರಜೆ ಸಿಗಲಿಲ್ಲವೆಂದು ಅವ್ವ ಅಲ್ಲೇ ಉಳಿದಳು. ಕಾಕಾ ಭಾಲ್ಕಿಯಿಂದ ಬಂದರು, ಬಗಲಲ್ಲಿ ಒಂದು ಗಂಟು. ಬಿಚ್ಚಿದರೆ ಯಾರೋ ವಕೀಲರ ಕರಿ ಗೌನು. "ಕಾಕಾ, ಇವತ್ತು ನಿಮ್ಮ ಕೋಟು ಬ್ಯಾಡ್ರಿ" ಎಂದೆ. ಮುಖ ಸಣ್ಣ ಮಾಡಿಕೊಂಡು ಮಡಚಿಟ್ಟರು. ಆಫೀಸಿನ ಕಿಟಕಿಯಿಂದ ಗುಮಾಸ್ತರು ಸರ್ಟಿಫಿಕೇಟು ಚಾಚಿದರು. "ಸಾಹೇಬ್ರ, ಇನ್ನೊಮ್ಮಿ ಕೊಡ್ರಿ, ನಿಮ್ಮ ಮುಖಕ್ಕ ಬೆಳಕು ಬರ್ಲಿಲ್ಲ" ಎಂದರು ಕಾಕಾ. ನಾನು ವಾಪಸ್ ಕೊಟ್ಟೆ, ಅವರು ಮತ್ತೆ ಕೊಟ್ಟರು. ಕಾಕಾ ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಸಾಲಿನಲ್ಲಿದ್ದವಳು ಕೇಳಿದಳು: "ಈಕಿ ಒಬ್ಬಾಕಿಗೇ ಎಷ್ಟು ಡಿಗ್ರಿ ಕೊಡ್ತೀರಿ?"

ಹೊರಗೆ ಬೇವಿನ ಮರದ ಕೆಳಗೆ ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅಂಗಿಗೆ ಎರಡೂ ಕೈ ಒರೆಸಿಕೊಂಡು ತೆಗೆದುಕೊಂಡರು. ನಾನೂ ಒಂದು ತುದಿ ಹಿಡಿದುಕೊಂಡೆ. "ನಡುವ ಜಾಗ ಬಿಡ್ರಿ, ವೈನಿ ಬರ್ತಾರ" ಎಂದು ಕಾಕಾ ನೆಲದ ಮೇಲೆ ಮಲಗಿಕೊಂಡೇ ಕೂಗಿದರು. ಇಬ್ಬರೂ ಸರಿದು, ಅವ್ವನಿಗೆ ಜಾಗ ಬಿಟ್ಟು ನಿಂತೆವು.

ತೆಗೆದಾದ ಮೇಲೆ ಕಾಕಾ ಕ್ಯಾಮೆರಾದ ಪರದೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಅವರ ಹುಬ್ಬು ಗಂಟಾಯಿತು. "ಎಲ್ಲ ಚಂದ ಬಂದದ ಅಣ್ಣಾ. ಹುಡುಗಿ ಕೈ ಮ್ಯಾಲ ಈ ಗೀರೊಂದು ಕಾಣ್ತದ. ಸಂಜಿಗಿ ತೆಗ್ದುಬಿಡ್ತೇನಿ."

"ತೆಗೀಬ್ಯಾಡ" ಎಂದರು ಅಪ್ಪ.

"ಯಾಕ?"

"ಆ ಕರಿ ಕೋಟಿನ ಫೋಟೋದಾಗ ಅದು ಇದ್ದಿದ್ದಿಲ್ಲ. ಅದಕ್ಕೇ ಗೊತ್ತಾಗಿತ್ತು ನನಗ, ಆ ಕೈ ನಮ್ಮ ಹುಡುಗಿದಲ್ಲ ಅಂತ."

ನಾನು ಕಾಕಾನ ಮುಖ ನೋಡಿದೆ. ಇಷ್ಟು ವರ್ಷ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಮನುಷ್ಯ ಅವರು. ಕ್ಯಾಮೆರಾ ಎದೆಗೆ ಒತ್ತಿ ಹಿಡಿದು ಸಣ್ಣ ದನಿಯಲ್ಲಿ ಕೇಳಿದರು. "ಅವತ್ತೇ ಗೊತ್ತಿತ್ತಾ ಅಣ್ಣಾ? ಮತ್ತ ಪುಣೆ ತುಂಬ ಯಾಕ ತೋರ್ಸಿದಿ?"

ಅಪ್ಪ ಸರ್ಟಿಫಿಕೇಟನ್ನು ನನ್ನ ಕೈಗೆ ತಿರುಗಿ ಕೊಟ್ಟು, ತಮ್ಮನ ಅಂಗಿಗೆ ಹತ್ತಿದ ಮಣ್ಣು ಕೊಡವಿದರು.

"ನನ್ನ ತಮ್ಮ ತೆಗೆದ ಫೋಟೋ. ಸುಳ್ಳದ ಅಂತ ಮಂದಿಗಿ ಹ್ಯಾಂಗ ಹೇಳ್ಲಿ?"