ಮೇಷ್ಟ್ರು ಗೋದಾಮು ಖಾಲಿ ಮಾಡಿದ್ದು

ಶುಕ್ರವಾರ ಸಂಜೆ ಚಹಾ ಲೋಟ ಕೆಳಗಿಟ್ಟು ಲೆಕ್ಕದ ಮೇಷ್ಟ್ರು ಘೋಷಿಸಿಬಿಟ್ಟರು: "ನಾಳೆ ಒಂದೇ ದಿನ! ಬೆಳಿಗ್ಗೆ ಹೋಗ್ತೀನಿ, ಗೋದಾಮು ಖಾಲಿ ಮಾಡ್ತೀನಿ, ಸಂಜೆ ಬೀಗದ ಕೈ ಗೋದಾಮಿನವರಿಗೇ ಕೊಟ್ಟು ಬರ್ತೀನಿ. ನಾಲ್ಕು ವರ್ಷದಿಂದ ಆಗದೇ ಇದ್ದದ್ದು ಹೇಗೆ ಆಗುತ್ತೆ ನೋಡ್ತಾ ಇರು!"

ಅವರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವರು. ಯಾವ ಘೋಷಣೆಗೂ ಬೆಚ್ಚುವವರಲ್ಲ. ಒಗೆದ ಬಟ್ಟೆ ಮಡಿಸುತ್ತಲೇ, "ಸರಿ. ಯಾವುದನ್ನೂ ಯಾರಿಗೂ ಕೊಡೋಕೆ ಮುಂಚೆ ನನಗೊಂದು ಫೋಟೋ ಕಳಿಸಿ ರೀ," ಎಂದರು.

"ಫೋಟೋ ಯಾಕೆ? ನಮ್ಮ ಸಾಮಾನು ನನಗೆ ಗೊತ್ತಾಗಲ್ವಾ?"

"ನಿಮ್ಮ ಕನ್ನಡಕ ನಿಮ್ಮ ತಲೆ ಮೇಲಿದ್ರೆ ನಿಮಗೆ ಗೊತ್ತಾಗಲ್ಲ."

ಮೇಷ್ಟ್ರು ತಲೆ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಎದ್ದು ಹೋದರು.

ಸಂಗತಿ ಇಷ್ಟು. ನಾಲ್ಕು ವರ್ಷದ ಹಿಂದೆ ಹೆಂಡತಿಗೆ ವರ್ಗವಾದಾಗ ಇಬ್ಬರೂ ದೊಡ್ಡ ಮನೆ ಬಿಟ್ಟು ಈಗಿನ ಎರಡು ಕೋಣೆಯ ಮನೆಗೆ ಬಂದಿದ್ದರು. ಇಲ್ಲಿ ಹಿಡಿಸದ ಸಾಮಾನನ್ನೆಲ್ಲ ಹಳೆಯ ಊರಿನಲ್ಲೇ ಒಂದು ಬಾಡಿಗೆ ಗೋದಾಮಿನ ಆರನೇ ನಂಬರಿನ ಕೊಠಡಿಗೆ ತುಂಬಿ, "ಆಮೇಲೆ ನೋಡೋಣ" ಎಂದು ಬೀಗ ಹಾಕಿದ್ದರು. ಆ ಊರಿಗೆ ಬಸ್ಸಿನಲ್ಲಿ ಮೂರು ಗಂಟೆ ದಾರಿ. ಹಾಗಾಗಿ "ಆಮೇಲೆ" ಎನ್ನುವುದು ನಾಲ್ಕು ವರ್ಷ ಬೆಳೆದು ನಿಂತಿತ್ತು.

ಶನಿವಾರ ಒಂಬತ್ತೂವರೆಗೆ ಮೇಷ್ಟ್ರು ಗೋದಾಮಿನ ಹಿಂದಿನ ಗೇಟಿನ ಬಳಿ ಬಸ್ಸಿಳಿದರು. ಮುಂದಿನ ಗೇಟಿಗೆ ಸುತ್ತಿ ಹೋಗಬೇಕು. ಹಿಂದಿನದೂ ತೆರೆದೇ ಇತ್ತು. ಒಳಗೆ ಒಂದೇ ಸಾಲಿನಲ್ಲಿ ತಗಡಿನ ಶಟರುಗಳು, ಪ್ರತಿ ಶಟರಿನ ಮೇಲೂ ಮೊಳೆ ಹೊಡೆದ ನಂಬರಿನ ತಗಡು. ಹನ್ನೆರಡು, ಹನ್ನೊಂದು, ಹತ್ತು... ಆರು!

ಹತ್ತಾದ ಮೇಲೆ ಆರು ಬರುವುದು ಹೇಗೆಂದು ಒಂದನೇ ತರಗತಿಯ ಮಗು ಕೂಡ ಕೇಳುತ್ತಿತ್ತು. ಆದರೆ ಮೂವತ್ತು ವರ್ಷ ಲೆಕ್ಕ ಕಲಿಸಿದ ಮೇಷ್ಟ್ರಿಗೆ ಅದು ಹೊಳೆಯಲೇ ಇಲ್ಲ. ಒಂಬತ್ತರ ತಗಡಿನ ಮೇಲಿನ ಮೊಳೆ ಕಿತ್ತುಹೋಗಿ, ಅದು ಕೆಳಗಿನ ಒಂದೇ ಮೊಳೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು. ಜೀವನವಿಡೀ ಆರಕ್ಕೇರದೆ ಮೂರಕ್ಕಿಳಿಯದೆ ಬದುಕಿದ್ದ ಮನುಷ್ಯ ಅಂದು ನೇರವಾಗಿ ಒಂಬತ್ತಕ್ಕೇ ಕೈ ಹಾಕಿದರು!

ಬೀಗದ ಕೈ ತಿರುಗಲಿಲ್ಲ. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಎಣ್ಣೆ ಬಿಟ್ಟರು, ಬೈದರು. ಕೊನೆಗೆ ವಾಚ್‌ಮನ್ನನ್ನು ಕರೆದರು. ಕೆಲಸಕ್ಕೆ ಸೇರಿ ಎರಡೇ ತಿಂಗಳಾದ ದಪ್ಪ ಮೀಸೆಯ ವಾಚ್‌ಮನ್ ರಿಜಿಸ್ಟರು ತೆಗೆದು ನೋಡಿದ. ಆರನೇ ನಂಬರು, ಮೇಷ್ಟ್ರ ಹೆಸರು, ಸಹಿ, ಎಲ್ಲ ಸರಿಯಾಗಿತ್ತು.

"ತುಕ್ಕು ಹಿಡಿದಿದೆ ಸಾರ್. ಕೊಯ್ದೇಬಿಡೋಣ," ಎಂದು ಅವನೇ ಗರಗಸ ತಂದ.

ಶಟರು ಮೇಲೆದ್ದಿತು. ಒಳಗೆ ಹಳದಿ ಹೂವಿನ ಬಟ್ಟೆಯ ಸೋಫಾ, ಆಳೆತ್ತರದ ಕನ್ನಡಿ, ಮರದ ತೊಟ್ಟಿಲು, ಕಾಲು ಮುರಿದ ಬೀರು, ಮೂರು ಮೂಟೆ ಖಾಲಿ ಬಾಟಲಿ.

"ಈ ಸೋಫಾ ನೋಡಿದ್ಯೇನಪ್ಪಾ? ನಾನು ಹೆಣ್ಣು ನೋಡೋಕೆ ಹೋದಾಗ ಇದರ ಮೇಲೇ ಕೂತಿದ್ದೆ," ಎಂದರು.

"ಹೆಣ್ಣಿನ ಮನೆ ಸೋಫಾ ನಿಮ್ಮ ಹತ್ರ ಹೇಗೆ ಬಂತು ಸಾರ್?"

ಮೇಷ್ಟ್ರು ಒಂದು ಕ್ಷಣ ಯೋಚಿಸಿ, "ಹೆಣ್ಣಿನ ಜೊತೆಗೇ ಬಂತು," ಎಂದರು. ನೆನಪು ಒಮ್ಮೆ ಉಕ್ಕಿದರೆ ಸಾಕ್ಷಿ ಕೇಳುವುದಿಲ್ಲ. ಕನ್ನಡಿ ಕಂಡರೆ ಮದುವೆಗೆ ಗೆಳೆಯರು ಕೊಟ್ಟದ್ದೆಂದು ನೆನಪಾಯಿತು. ತೊಟ್ಟಿಲು ಕಂಡರಂತೂ ಮಗಳ ಹಾಲುಗಲ್ಲವೇ ಕಣ್ಣ ಮುಂದೆ ಬಂದು, ಕರವಸ್ತ್ರ ತೆಗೆಯಬೇಕಾಯಿತು.

ಆದರೆ ನಿರ್ಧಾರ ನಿರ್ಧಾರವೇ! ಕಣ್ಣೊರೆಸಿಕೊಂಡು ದಾನಕ್ಕೆ ನಿಂತರು. ಸೋಫಾ ವಾಚ್‌ಮನ್‌ಗೆ. ಕನ್ನಡಿ ಎದುರು ರಸ್ತೆಯ ಕ್ಷೌರದಂಗಡಿಯವನಿಗೆ; ಅವನು ಕೈಯಲ್ಲಿದ್ದ ಕತ್ತರಿಯನ್ನೂ ಇಡದೆ ಓಡಿಬಂದು ಹೊತ್ತುಕೊಂಡು ಹೋದ. ತೊಟ್ಟಿಲು ಪಕ್ಕದ ಶಿಶುವಿಹಾರದ ಟೀಚರಿಗೆ. "ನಿಮ್ಮ ಹೆಸರು ಹೇಳ್ಕೊಂಡು ಮಕ್ಕಳು ಮಲಗ್ತವೆ ಸಾರ್," ಎಂದು ಆಕೆ ಕೈ ಮುಗಿದಳು. ಬೀರು, ಬಾಟಲಿಗಳನ್ನು ಗುಜರಿಯವನಿಗೆಂದು ಅಂಗಳಕ್ಕೆ ಎಳೆದು ಹಾಕಿದ್ದಾಯಿತು.

ಹನ್ನೆರಡು ಹೊಡೆಯುವ ಮೊದಲೇ ಕೊಠಡಿ ಬೋಳು ತಲೆಯಂತೆ ಹೊಳೆಯುತ್ತಿತ್ತು. ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ನಿಂತು ಹೆಂಡತಿಗೆ ಫೋನ್ ಮಾಡಿದರು.

"ಮುಗೀತು! ತೊಟ್ಟಿಲು ಕೊಡುವಾಗ ಮಾತ್ರ ಸ್ವಲ್ಪ ಸಂಕಟ ಆಯ್ತು ಕಣೇ."

"ಯಾವ ತೊಟ್ಟಿಲು?"

"ನಮ್ಮ ಮಗಳದ್ದು."

"ರೀ, ನಮ್ಮ ಮಗಳು ತೊಟ್ಟಿಲಲ್ಲಿ ಮಲಗಿದ್ದೇ ಇಲ್ಲ. ಎರಡು ವರ್ಷ ನಿಮ್ಮ ಹೊಟ್ಟೆ ಮೇಲೇ ಮಲಗಿದ್ಲು. ಅದಕ್ಕೇ ಅದು ಅಷ್ಟು ಅಗಲ ಆಗಿದ್ದು ಅಂತ ನೀವೇ ಹೇಳ್ತೀರಲ್ಲ."

ಮೇಷ್ಟ್ರು ಖಾಲಿ ಕೊಠಡಿಯತ್ತ ತಿರುಗಿ ನೋಡಿದರು. "ಹಳದಿ ಸೋಫಾ?"

"ನಮ್ಮ ಮನೇಲಿ ಸೋಫಾ ಯಾವತ್ತಿತ್ತು? ನೀವು ಯಾವ ಬಾಗಿಲ ಮುಂದೆ ನಿಂತಿದ್ದೀರಿ? ಅದರ ಪಕ್ಕದ ನಂಬರು ಎಷ್ಟು? ಹೇಳಿ!"

ಮೇಷ್ಟ್ರು ಎಡಕ್ಕೆ ನೋಡಿದರು. ಹತ್ತು. ಬಲಕ್ಕೆ ನೋಡಿದರು. ಎಂಟು. ನಡುವೆ ನೇತಾಡುತ್ತಿದ್ದ ತಗಡನ್ನು ಬೆರಳಿನಿಂದ ಮೇಲಕ್ಕೆ ತಿರುಗಿಸಿದರು. ಒಂಬತ್ತು! ಬೆರಳು ಬಿಟ್ಟರು. ಆರು! ಮತ್ತೆ ತಿರುಗಿಸಿದರು. ಒಂಬತ್ತು! ಇನ್ನು ಎಷ್ಟು ಸಲ ತಿರುಗಿಸಿದರೂ ಉತ್ತರ ಬದಲಾಗುವುದಿಲ್ಲವೆಂದು ತಿಳಿದಾಗ ಅಲ್ಲೇ ಅಂಗಳದ ಬಾಟಲಿ ಮೂಟೆಯ ಮೇಲೆ ಕುಸಿದು ಕೂತರು.

ಸೋಫಾದ ಮೇಲೆ ಆಗಲೇ ಕಾಲು ಚಾಚಿದ್ದ ವಾಚ್‌ಮನ್ ವಿಷಯ ಕೇಳಿ ದಿಗ್ಗನೆ ಎದ್ದ. ತನ್ನ ಕೆಲಸ ಹೋಗುವ ಭಯಕ್ಕೆ, ಹಿಂದೆ ಮುಂದೆ ನೋಡದೆ, ರಿಜಿಸ್ಟರಿನಲ್ಲಿದ್ದ ಒಂಬತ್ತನೇ ನಂಬರಿನವರಿಗೆ ಫೋನ್ ಮಾಡಿಬಿಟ್ಟ. "ಅಮ್ಮಾ, ನಿಮ್ಮ ಬೀಗ ಒಡೆದಿದೆ. ಒಳಗೆ ಒಂದು ಸಾಮಾನೂ ಇಲ್ಲ!"

ಆ ಕಡೆಯಿಂದ ಒಂದು ಗಂಭೀರ ದನಿ: "ಏನನ್ನೂ ಮುಟ್ಟಬೇಡಿ. ಇರೋದು ಇದ್ದ ಹಾಗೇ ಇರ್ಲಿ. ಎರಡು ಗಂಟೇಲಿ ಬರ್ತೀನಿ."

"ಯಾರಪ್ಪ ಅದು?"

ವಾಚ್‌ಮನ್ ಫೋನ್ ಜೇಬಿಗಿಟ್ಟುಕೊಂಡ. "ವಕೀಲರಮ್ಮ ಸಾರ್."

ಮೂವತ್ತು ವರ್ಷದಲ್ಲಿ ಶಾಲೆಯಿಂದ ಒಂದು ಸೀಮೆಸುಣ್ಣವನ್ನೂ ಮನೆಗೆ ತರದ ಮೇಷ್ಟ್ರ ಕಣ್ಣೆದುರು ಕಟಕಟೆ ಕಂಡಿತು. ಬೀಗ ಒಡೆದದ್ದು, ಒಳಗೆ ನುಗ್ಗಿದ್ದು, ಪರರ ಸೊತ್ತು ಹಂಚಿದ್ದು. ಸೋಮವಾರ ಎಂಟನೇ ತರಗತಿಯ ಮಕ್ಕಳು ಏನನ್ನುತ್ತಾರೆ? "ಎರಡು ಗಂಟೆ ಇದೆ! ಎಲ್ಲಾ ವಾಪಸ್ ತರೋಣ!" ಎಂದು ಎದ್ದು ಓಡಿದರು.

ಕ್ಷೌರದಂಗಡಿಯಲ್ಲಿ ಕನ್ನಡಿ ಆಗಲೇ ನಾಲ್ಕು ಸ್ಕ್ರೂಗಳಲ್ಲಿ ಗೋಡೆ ಏರಿತ್ತು. ಅದರ ಮುಂದೆ ಅರ್ಧ ಗಡ್ಡದ ಗಿರಾಕಿಯೊಬ್ಬ ಕೂತಿದ್ದ.

"ಕೊಟ್ಟಿದ್ದನ್ನ ಕಿತ್ಕೊಳ್ಳೋದು ಯಾವ ನ್ಯಾಯ ಸಾರ್?"

"ನ್ಯಾಯ ಎರಡು ಗಂಟೇಲಿ ಬರ್ತಾ ಇದೆಯಪ್ಪಾ, ನನ್ನ ಕೈ ಬಿಡಬೇಡ!"

ಕ್ಷೌರಿಕ ಗೊಣಗುತ್ತ ಸ್ಕ್ರೂ ಬಿಚ್ಚಿದ. ಪ್ರತಿ ಸ್ಕ್ರೂ ಜೊತೆಗೂ ಅಂಗೈಯಗಲ ಗಾರೆ ಉದುರಿತು. ಕನ್ನಡಿ ಹೊರಟಾಗ ಗಿರಾಕಿ, "ನನ್ನ ಇನ್ನೊಂದು ಕೆನ್ನೆ?" ಎಂದು ಕೂಗಿದ್ದು ರಸ್ತೆಯವರೆಗೂ ಕೇಳಿಸಿತು.

ಶಿಶುವಿಹಾರದಲ್ಲಿ ಇನ್ನೂ ಕಷ್ಟ. ತೊಟ್ಟಿಲಲ್ಲಿ ಮಗುವೊಂದು ಆಗ ತಾನೆ ನಿದ್ದೆ ಹೋಗಿತ್ತು. ಟೀಚರು ತುಟಿಯ ಮೇಲೆ ಬೆರಳಿಟ್ಟಳು. "ಬೆಳಿಗ್ಗೆಯಿಂದ ಅತ್ತು ಅತ್ತು ಈಗ ಮಲಗಿದೆ. ಎಬ್ಬಿಸಿದ್ರೆ ನೀವೇ ಸಮಾಧಾನ ಮಾಡ್ಬೇಕು."

ಮೇಷ್ಟ್ರು ಗಡಿಯಾರ ನೋಡುತ್ತ ಕಾಲು ಗಂಟೆ ತುದಿಗಾಲಲ್ಲಿ ಕಾದರು. ಕೊನೆಗೆ ಕೆಳಗೆ ಚಾಪೆಯ ಮೇಲೆ ಮಲಗಿ, ಮಗುವನ್ನು ತಮ್ಮ ಹೊಟ್ಟೆಯ ಮೇಲೆ ಇಳಿಸಿಕೊಂಡರು. ಮಗು ಒಮ್ಮೆ ಕಣ್ಣು ಬಿಟ್ಟು, ಆ ವಿಶಾಲವಾದ ಹಾಸಿಗೆಯನ್ನು ಒಪ್ಪಿಕೊಂಡು, ಮತ್ತೆ ನಿದ್ದೆ ಹೋಯಿತು. ಟೀಚರು ಮೆಲ್ಲನೆ ಎತ್ತಿಕೊಂಡ ಮೇಲೆ, ಅಂಗಿಯ ಮೇಲಿನ ಒದ್ದೆಯನ್ನೂ ಲೆಕ್ಕಿಸದೆ ಮೇಷ್ಟ್ರು ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಓಡಿದರು.

ಸೋಫಾ, ಬೀರು, ಬಾಟಲಿ ಎಲ್ಲವೂ ಇದ್ದ ಜಾಗಕ್ಕೇ ಹೋದವು. ಧೂಳು ಕೂಡ ಒರೆಸಲಿಲ್ಲ. ಹೊಸ ಬೀಗ ಬಿದ್ದಿತು, ಒಂಬತ್ತಕ್ಕೆ ಹೊಸ ಮೊಳೆಯೂ ಬಿದ್ದಿತು. ಆಗಲೇ ಗೇಟಿನಲ್ಲಿ ಕಾರು ನಿಂತಿತು.

ಇಳಿದವರು ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ಮುಖದಲ್ಲಿ ಅದೇನೋ ಕಳೆ. ಮೇಷ್ಟ್ರು ಕೈ ಜೋಡಿಸಿ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಕೊಂಡರು. ಆರು, ಒಂಬತ್ತು, ಗರಗಸ, ತೊಟ್ಟಿಲು, ಮಗು, ಅರ್ಧ ಗಡ್ಡ, ಯಾವುದನ್ನೂ ಬಿಡಲಿಲ್ಲ. "ಆದ್ರೆ ಒಂದು ಬಾಟಲಿ ಕೂಡ ಕಮ್ಮಿ ಆಗಿಲ್ಲ ಮೇಡಂ. ನೋಡಿ!" ಎಂದು ಶಟರು ಎತ್ತಿದರು.

ವಕೀಲರಮ್ಮ ಒಳಗೆ ನೋಡಿದರು. ಮುಖದ ಕಳೆ ಆರಿಹೋಯಿತು. ಮೆಲ್ಲನೆ ಹೋಗಿ ಆ ಹಳದಿ ಸೋಫಾದ ಮೇಲೆ ಕೂತರು.

"ಯಾಕೆ ಮೇಷ್ಟ್ರೇ, ಯಾಕೆ ವಾಪಸ್ ಇಟ್ರಿ?"

"ಏನು?"

"ಏನೂ ಮುಟ್ಟಬೇಡಿ ಅಂತ ಹೇಳಿದ್ನಲ್ಲ! ಇದೆಲ್ಲ ನಮ್ಮ ಅತ್ತೆಯವರದ್ದು. ಆರು ವರ್ಷದಿಂದ ಒಂದು ಬಾಟಲಿ ಬಿಸಾಡೋಕೆ ಬಿಟ್ಟಿಲ್ಲ. ನಾನು ಕೋರ್ಟಲ್ಲಿ ಯಾರ ಮೇಲೆ ಬೇಕಾದ್ರೂ ಗೆಲ್ತೀನಿ, ಅವರ ಮುಂದೆ ಒಂದು ದಿನವೂ ಗೆದ್ದಿಲ್ಲ. ಕಳುವಾಯ್ತು ಅಂತ ಫೋನ್ ಬಂದಾಗ ದಾರಿಯುದ್ದಕ್ಕೂ ಹಾಡು ಹೇಳ್ಕೊಂಡು ಬಂದೆ. ಅತ್ತೆಗೂ ಹೇಳಿಬಿಟ್ಟೆ. ಅವರು ಅತ್ತು, ಸಮಾಧಾನನೂ ಮಾಡ್ಕೊಂಡ್ರು. ನಾಳೆ ಕಳುವಾದ ಜಾಗ ನೋಡೋಕೆ ಬರ್ತಾರೆ."

ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆ ಮೇಷ್ಟ್ರಿಗೆ ಗೊತ್ತಿತ್ತು. ಸೊಸೆಯ ಗಾದೆ ಹೊಸದು.

"ಈಗೇನು ಮಾಡೋದು ಮೇಡಂ?"

"ಏನಿದೆ? ಇನ್ನೊಂದು ಸಲ ಕದೀರಿ!"

"ನಾನಾ? ಆಗಲ್ಲ! ಬೆಳಿಗ್ಗೆ ಆದದ್ದು ಕಣ್ತಪ್ಪು. ಈಗ ಮಾಡಿದ್ರೆ ಅಪರಾಧ."

"ಬೆಳಿಗ್ಗೆ ಆದದ್ದೇ ಅಪರಾಧ. ಈಗ ಮಾಡಿದ್ರೆ ಉಪಕಾರ. ಯಾವುದಕ್ಕೆ ಕೇಸ್ ಹಾಕ್ಲಿ ಹೇಳಿ?"

ಮೇಷ್ಟ್ರು ಸೋಫಾದ ಒಂದು ತುದಿ ಹಿಡಿದರು.

ಆದರೆ ಈ ಸಲ ದಾನ ಪಡೆಯುವವರೇ ಸಿಗಲಿಲ್ಲ. ಕ್ಷೌರಿಕ ಬಾಗಿಲಲ್ಲೇ ಅಡ್ಡ ನಿಂತು, "ನನ್ನ ಗೋಡೇಲಿ ನಾಲ್ಕು ತೂತು ಬಿದ್ದಿದೆ. ನಿಮ್ಮ ಕನ್ನಡಿಗೆ ಒಂದು ದೊಡ್ಡ ನಮಸ್ಕಾರ," ಎಂದ. ಟೀಚರು ತೊಟ್ಟಿಲನ್ನು ದೂರದಿಂದ ನೋಡಿಯೇ ಕಿಟಕಿ ಮುಚ್ಚಿದಳು. ಗುಜರಿಯವನ ಫೋನ್ ಸ್ವಿಚ್ ಆಫ್. ವಾಚ್‌ಮನ್‌ಗೆ ಸೋಫಾ ಎಂದರೇ ಕೆಲಸ ಹೋದ ಹಾಗೆ ಅನ್ನಿಸತೊಡಗಿತ್ತು.

"ನಿಮ್ಮ ಕೊಠಡಿ ಯಾವುದು?" ಎಂದರು ವಕೀಲರಮ್ಮ.

ನಿಜವಾದ ಆರನೇ ನಂಬರಿನ ಬೀಗ ಬೆಣ್ಣೆಯಂತೆ ತೆರೆದುಕೊಂಡಿತು. ಒಳಗೆ ಎಂಟು ಟ್ರಂಕು, ಒಂದು ಹೊಲಿಗೆ ಮೆಷಿನ್ನು, ಬೆತ್ತ ಕಿತ್ತುಹೋದ ನಾಲ್ಕು ಕುರ್ಚಿ.

"ಇದೆಲ್ಲ ನಿಮ್ಮದಾ?"

"ನಮ್ಮಮ್ಮಂದು. ಅವರು ತಮ್ಮನ ಮನೇಲಿದ್ದಾರೆ."

"ಎಲ್ಲಾ ಕೊಟ್ಟುಬಿಡ್ತೀರಿ ಅಂತ ಅಮ್ಮನಿಗೆ ಗೊತ್ತಾ?"

ಮೇಷ್ಟ್ರು ಕುರ್ಚಿಯ ಧೂಳನ್ನು ಬೆರಳಿನಿಂದ ಒರೆಸತೊಡಗಿದರು. ವಕೀಲರಮ್ಮ ಬಂದಾಗಿನಿಂದ ಮೊದಲ ಬಾರಿಗೆ ಬಾಯ್ತುಂಬ ನಕ್ಕರು. "ಎರಡೇ ವಾರ ನಿಮ್ಮಲ್ಲಿರ್ಲಿ ಮೇಷ್ಟ್ರೇ, ನಾಳೆ ಅತ್ತೆ ನೋಡಿ ಹೋದ ಮೇಲೆ ಮೆಲ್ಲಗೆ ಗುಜರಿಗೆ ಹಾಕ್ತೀನಿ," ಎಂದು ತಾವೇ ಸೆರಗು ಸಿಕ್ಕಿಸಿ ಬಾಟಲಿ ಮೂಟೆ ಎತ್ತಿದರು. ನಾಲ್ಕೂವರೆಗೆ ಒಂಬತ್ತು ಬರಿದಾಗಿತ್ತು. ಆರು ಸೂರಿನವರೆಗೂ ತುಂಬಿತ್ತು. ಶಟರು ಎಳೆಯಲು ಮೂವರೂ ಜೋತುಬೀಳಬೇಕಾಯಿತು.

ಐದು ಗಂಟೆಯ ಬಸ್ಸು ಕಾಯುತ್ತ ಮೇಷ್ಟ್ರು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದರು. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಕಾದರು. ಆ ಕಡೆ ಡಬ್ಬ ತಡಕಿ ಪೆನ್ನು ಹುಡುಕುವ ಸದ್ದು ಮಾತ್ರ ಕೇಳಿಸಿತು.

"ಏನೇ, ಕೇಳಿಸ್ತಾ ಇದೆಯಾ?"

"ಕೇಳಿಸ್ತು. ರೀ, ಆ ವಕೀಲರಮ್ಮನ ನಂಬರ್ ಇಸ್ಕೊಂಡ್ರಾ?"

"ಯಾಕೆ, ಕೇಸ್ ಹಾಕ್ತೀಯಾ?"

"ಅಯ್ಯೋ ಇಲ್ಲಪ್ಪ. ಬರೋ ತಿಂಗಳು ನನ್ನ ಅತ್ತೆನೂ ನಮ್ಮನೆಗೆ ಬರ್ತಾರಲ್ಲ, ಅಷ್ಟರೊಳಗೆ ನಮ್ಮ ಕೊಠಡಿಗೂ ಕಳ್ಳರು ನುಗ್ಗಬೇಕು. ಬೀಗ ಒಡೆಯೋದು ಈಗ ನಿಮಗೆ ಬರುತ್ತೆ. ಒಡೆಯೋದು ಯಾವ ಬಾಗಿಲು ಅಂತ ತೋರಿಸೋಕೆ ಎಣಿಕೆ ಬರೋರು ಒಬ್ರು ಜೊತೆಗೆ ಬೇಕಲ್ಲ!"