ನಾಲ್ಕನೇ ಜ್ವರ

ಸುಳ್ಳು ಹೇಳುವುದರಲ್ಲಿ ನಾನು ಅಷ್ಟೇನೂ ಪಳಗಿದವಳಲ್ಲ. ಹೇಳಿದ ಐದು ನಿಮಿಷಕ್ಕೆ ನನ್ನ ಮುಖವೇ ನಿಜವನ್ನು ಹೊರಗೆ ಹಾಕಿಬಿಡುತ್ತದೆ. ಅಂಥವಳು ಐದು ವಾರ ಒಂದು ಸುಳ್ಳನ್ನು ಸಾಕಿದೆ. ಸುಳ್ಳು ಇಷ್ಟೇ: ಕೆಲಸಕ್ಕೆ ಮರಳಲು ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟನ್ನು ಡಾಕ್ಟರು ಇನ್ನೂ ಕೊಟ್ಟಿಲ್ಲ ಎಂಬುದು. ಅದು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ, ಹುರಿಗಡಲೆ ಡಬ್ಬದ ಅಡಿಯಲ್ಲಿ, ನಾಲ್ಕು ಮಡಿಕೆಯಾಗಿ ಮಲಗಿತ್ತು. ನಮ್ಮ ಯಜಮಾನರಿಗೆ ಅಡುಗೆಮನೆಯಲ್ಲಿ ನೀರಿನ ಫಿಲ್ಟರ್ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಹಾಗಾಗಿ ಅದಕ್ಕಿಂತ ಭದ್ರವಾದ ಜಾಗ ಇಡೀ ಕೋಲಾರದಲ್ಲಿ ಇಲ್ಲವೆಂದು ನಂಬಿದ್ದೆ.

ನಾನು ಶ್ರೀನಿವಾಸಪುರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತಾರು ವರ್ಷದಿಂದ ಒಂದು ಪಾಠವನ್ನು ಒಂದೇ ಉಸಿರಿಗೆ ಮುಗಿಸುತ್ತಾ ಬಂದಿದ್ದೇನೆ. ಜೀವಕೋಶದ ಡಿಎನ್‌ಎಗೆ ಏಟು ಬಿದ್ದರೆ ಕಾವಲಿನ ಪ್ರೋಟೀನುಗಳು ಕೋಶ ಒಡೆದು ಎರಡಾಗುವುದನ್ನು ತಡೆದು ನಿಲ್ಲಿಸುತ್ತವೆ. ರಿಪೇರಿ ನಡೆಯುತ್ತದೆ. ಆಗಲಿಲ್ಲವೋ, ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಆಯಿತೋ, ವಿಭಜನೆ ಮತ್ತೆ ಶುರು. ತಡೆದದ್ದಕ್ಕೆ ಒಂದು ಅಂಕ, ರಿಪೇರಿಗೆ ಒಂದು ಅಂಕ. ‘ಮತ್ತೆ ಶುರು’ ಎಂಬ ಮಾತಿಗೆ ನಾನು ಯಾವತ್ತೂ ಅರ್ಧ ಅಂಕವನ್ನೂ ಕೊಟ್ಟವಳಲ್ಲ. ಅದರಲ್ಲೇನಿದೆ, ತಾನಾಗಿ ಆಗುತ್ತದೆ ಅಂದುಕೊಂಡಿದ್ದೆ. ಹೋದ ವರ್ಷ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕಾವಲು ತಪ್ಪಿಸಿಕೊಂಡು, ರಿಪೇರಿಯಾಗದೆ ಒಡೆಯುತ್ತಾ ಹೋದ ಯಾವುದೋ ಒಂದು ಕೋಶದ ಸಂತಾನ. ಇಷ್ಟು ವರ್ಷ ಪಾಠ ಮಾಡಿದವಳ ಮೈಯೊಳಗೇ ಪಾಠ ಕೇಳದೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಕೋಶ ಅದು.

ಆಪರೇಷನ್ ಆಯಿತು, ಕಿಮೋ ಆಯಿತು. ನನಗೆ ಡ್ರಿಪ್ಪಿನಲ್ಲಿ ಕೊಟ್ಟ ಔಷಧದ ಕೆಲಸವೇ ಡಿಎನ್‌ಎಯನ್ನು ಹಾಳು ಮಾಡುವುದು. ಕೆಟ್ಟ ಕೋಶಗಳ ಜೊತೆಗೆ, ಬೇಗ ಬೇಗ ಬೆಳೆಯುವ ನಿರಪರಾಧಿ ಕೋಶಗಳೂ ಏಟು ತಿಂದವು. ಕೂದಲು ಉದುರಿತು. ಉಗುರು ಬೆಳೆಯುವುದು ನಿಂತು ಆಮೇಲೆ ಬೆಳೆಯತೊಡಗಿದಾಗ, ಹೆಬ್ಬೆರಳಿನ ಉಗುರಿಗೆ ಅಡ್ಡಲಾಗಿ ಒಂದು ಹಳ್ಳದಂಥ ಗೆರೆ ಬಿತ್ತು. ತಲೆಯ ಮೇಲೆ ರಾಗಿ ಪೈರಿನ ಹಾಗೆ ಕೂದಲು ಎದ್ದಾಗ ಮನೆಮಂದಿಯೆಲ್ಲ ಸಂತೋಷಪಟ್ಟರು. ನನಗೆ ಮಾತ್ರ ಬೇರೆಯೇ ಯೋಚನೆ. ಕೂದಲಿನ ಕೋಶಗಳು ಕೆಲಸ ಶುರು ಮಾಡಿದವು, ಸರಿ. ಇನ್ಯಾವುದು ಶುರು ಮಾಡಿದೆಯೋ ಯಾರಿಗೆ ಗೊತ್ತು? ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಉಗುರಿನ ಗೆರೆ ಎಷ್ಟು ಮುಂದೆ ಹೋಯಿತೆಂದು ಅಳೆಯುತ್ತಿದ್ದೆ. ಮುಂದೆ ಹೋಗಿದ್ದರೆ ಭಯ, ಹೋಗಿರದಿದ್ದರೆ ಇನ್ನೂ ಭಯ.

ಹೀಗಿರುವಾಗ ಡಾಕ್ಟರು ‘ಇನ್ನು ಕೆಲಸಕ್ಕೆ ಹೋಗಬಹುದು’ ಎಂದು ಬರೆದುಕೊಟ್ಟರೆ ಹೋಗುವುದು ಹೇಗೆ? ಸುಮ್ಮನಿರಲಾರದೆ ಪುಸ್ತಕ ತೆಗೆದೆ. ನಿಂತ ಕೋಶ ತಾನಾಗಿ ಹೊರಡುವುದಿಲ್ಲವಂತೆ. ಹಾಕಿದ ಬ್ರೇಕನ್ನು ಬಿಡಿಸಲಿಕ್ಕೂ ಬೇರೆ ಕಿಣ್ವಗಳು ಬಂದು ದುಡಿಯಬೇಕು. ಇನ್ನು ಕೆಲವು ಕೋಶಗಳು ಸಾಯುವುದೂ ಇಲ್ಲ, ಒಡೆಯುವುದೂ ಇಲ್ಲ, ಹಾಗೇ ಕೂತುಬಿಡುತ್ತವೆ. ಅಂಥದ್ದೊಂದು ನಮ್ಮ ಸೋಫಾದ ಮೇಲೆ ಶಾಲು ಹೊದ್ದು ಕೂತಿತ್ತು. ಯಜಮಾನರು ‘ಸರ್ಟಿಫಿಕೇಟ್ ಬಂತಾ’ ಎಂದು ಕೇಳುವರು, ನಾನು ಇಲ್ಲವೆನ್ನುವೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿ, ಬಂದಿದ್ದರೂ ಈ ವಾರ ದಿನ ಚೆನ್ನಾಗಿಲ್ಲ ಬಿಡು ಎನ್ನುವರು. ಒಂದು ವಾರ ಅಮಾವಾಸ್ಯೆ ಅಡ್ಡ ಬಂದರೆ ಇನ್ನೊಂದು ವಾರ ಅಷ್ಟಮಿ. ಪಾಪ, ಎಷ್ಟು ಸುಲಭವಾಗಿ ನಂಬುತ್ತಾರೆ ಎಂದು ಮರುಕಪಟ್ಟೆ. ಐದನೆಯ ವಾರ ಅವರೇ, ಹುತ್ತೂರಿಗೆ ಹೋಗಿ ಅತ್ತಿಗೆಯನ್ನು ನೋಡಿಕೊಂಡು ಬಾ ಎಂದು ಬಸ್ಸು ಹತ್ತಿಸಿದರು.

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ರೇಷ್ಮೆಹುಳು ಸಾಕುವವರು. ನಮ್ಮ ಹತ್ತಿರ ಕನ್ನಡ, ಹುಳುಗಳ ಹತ್ತಿರ ತೆಲುಗು. ಕೈಕಾಲು ತೊಳೆಸಿ ಹುಳುಮನೆಯೊಳಗೆ ಬಿಟ್ಟರು. ಹುಳುಗಳೆಲ್ಲ ತಲೆ ಎತ್ತಿ ಅಲ್ಲಾಡದೆ ನಿಂತಿದ್ದವು. ಜ್ವರಕ್ಕೆ ಕೂತಿವೆ ಎಂದರು. ನನಗೆ ಜ್ವರವೆಂದರೆ ಥರ್ಮಾಮೀಟರು; ಔಷಧ ಏನು ಹಾಕುತ್ತೀರಿ ಎಂದು ಕೇಳಿ ನಗೆಪಾಟಲಾದೆ. ಹುಳು ಮೇವು ಬಿಟ್ಟು ಹಳೇ ಚರ್ಮ ಕಳಚಿಕೊಳ್ಳುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಅಂಥವು ನಾಲ್ಕು, ಇದು ಕೊನೆಯದು. ಆಗ ಅವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಸಂಜೆಯ ಹೊತ್ತಿಗೆ ಅತ್ತಿಗೆ ಬಗ್ಗಿ ನೋಡಿ ಮೆಲ್ಲಗೆ, “ಲೇಚಿನಾರಾ?” ಎಂದರು. ಎದ್ದಿರಾ ಎಂದರ್ಥ. ಬಹುಪಾಲು ಎದ್ದಿದ್ದವು. ಸೊಪ್ಪು ಬಿದ್ದದ್ದೇ ತಡ, ಮನೆ ತುಂಬ ಚರಚರ ಸದ್ದು.

“ಎದ್ದೋ ಇಲ್ವೋ ಅಂತ ಹೆಂಗ್ ಗೊತ್ತಾಗತ್ತೆ ಅತ್ತಿಗೆ? ಒಂದೆರಡು ಇನ್ನೂ ಎದ್ದಿಲ್ದೇ ಇದ್ರೆ?” ಎಂದೆ. ನನ್ನ ಬೆರಳು ಉಗುರಿನ ಗೆರೆಯನ್ನು ಸವರುತ್ತಿತ್ತು.

ಅತ್ತಿಗೆ ನನ್ನ ಹೆಬ್ಬೆರಳನ್ನು ಹಿಡಿದು, ತುದಿಗೆ ಬಂದಿದ್ದ ಗೆರೆಯನ್ನು ನೋಡಿದರು. “ಎಲ್ಲಾನೂ ಎದ್ದೇ ಎದ್ದವೆ ಅಂತ ಯಾರಮ್ಮಾ ಬರ್ಕೊಡ್ತಾರೆ? ಭಯ ಇದ್ದೇ ಇರ್ತದೆ. ಆದ್ರೆ ಎದ್ದಿರೋ ಹುಳಕ್ಕೆ ಸೊಪ್ಪು ಹಾಕ್ದೆ ಕಾಯ್ತಾ ಕೂತ್ರೆ ಅದು ಉಪವಾಸದಲ್ಲೇ ಹೋಗ್ತದೆ.”

ಸೋಮವಾರ ಸರ್ಟಿಫಿಕೇಟ್ ತೆಗೆದುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಭಯವೂ ಪಕ್ಕದ ಸೀಟಿನಲ್ಲೇ ಕೂತು ಬಂತು. ಪ್ರಿನ್ಸಿಪಾಲರು ತಾರೀಖು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಮೇಡಂ ಎಂದರು. ಜ್ವರವಿತ್ತು ಸಾರ್ ಎಂದೆ. ಐದು ವಾರದಲ್ಲಿ ಹೇಳಿದ ಮೊದಲ ನಿಜ.

ಸಂಜೆ ಮನೆಗೆ ಬಂದಾಗ ಯಜಮಾನರು ಅಡುಗೆಮನೆಯಲ್ಲಿದ್ದರು. ಹುರಿಗಡಲೆ ಡಬ್ಬ ಅವರ ಕೈಯಲ್ಲಿತ್ತು.

“ಒರಿಜಿನಲ್ಲೇ ಕೊಟ್ಬಿಟ್ಯಾ?” ಎಂದರು.

ನಾನು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನೋಡಿದೆ.

“ಒಂದು ಜೆರಾಕ್ಸ್ ಆದ್ರೂ ಮಾಡಿಸ್ಬಾರ್ದಿತ್ತೇನೇ? ನಂಗೆ ಭಯ ಆದಾಗೆಲ್ಲ ತೆಗೆದು ಓದ್ಕೊಳ್ತಿದ್ದೆ.”

ಮಾರನೆಯ ದಿನ ಆಫೀಸಿನಲ್ಲಿ ಕೇಳಿ ಜೆರಾಕ್ಸ್ ಮಾಡಿಸಿ ತಂದೆ. ಒಂದಲ್ಲ, ಎರಡು. ಒಂದನ್ನು ಅವರಿಗೆಂದು ಡಬ್ಬದ ಅಡಿಯಲ್ಲಿಟ್ಟೆ. ಇನ್ನೊಂದು ನನ್ನ ಬ್ಯಾಗಿನಲ್ಲಿದೆ. ಬಸ್ಸು ಕೋಲಾರ ದಾಟುವುದರೊಳಗೆ ಈಗಲೂ ಎರಡು ಸಲ ತೆಗೆದು ನೋಡುತ್ತೇನೆ.